ಅಚ್ಚಿನಲ್ಲಿ ಉಳಿದ ಕಾಲು

ಕೊರೊನಾ ಬಂದು ಎಲ್ಲರೂ ಮನೆಯಲ್ಲೇ ಕೂತ ಮೇಲೆ ಅಮೆರಿಕದ ಫೋರ್ಟ್ ಮಿಲ್‌ನ ನಮ್ಮ ಬೀದಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಿಯಿತು. ಪಕ್ಕದ ಮನೆಯವರು ಬ್ರೆಡ್ ಸುಡತೊಡಗಿದರು. ಎದುರು ಮನೆಯವರು ಕೋಳಿ ಸಾಕಲು ಹೋಗಿ ಬಡಾವಣೆಯ ನಿವಾಸಿಗಳ ಸಂಘವಾದ ಎಚ್‌ಓಎಯವರಿಂದ ಬೈಸಿಕೊಂಡರು. ನನ್ನ ಗಂಡ ಒಂದು ಭಾನುವಾರ ಬಾಡಿಗೆ ಟ್ರೇಲರಿನಲ್ಲಿ ಸ್ನಾನದ ತೊಟ್ಟಿಯಂಥ ದೊಡ್ಡ ಬಿಳಿ ವಸ್ತುವೊಂದನ್ನು ತಂದು ಗ್ಯಾರೇಜಿನಲ್ಲಿ ಇಳಿಸಿದರು. ಎಂಜಿನ್ ಇಲ್ಲ, ಚಕ್ರ ಇಲ್ಲ, ಬಾಗಿಲಂತೂ ಹುಟ್ಟಿದಾಗಿನಿಂದಲೇ ಇಲ್ಲ. ಇದು ಡ್ಯೂನ್ ಬಗ್ಗಿಯ ಬಾಡಿ ಎಂದರು. ಅರವತ್ತರ ದಶಕದಲ್ಲಿ ಹಳೆಯ ಬೀಟಲ್ ಕಾರಿನ ತಳವನ್ನು ಕತ್ತರಿಸಿ ಗಿಡ್ಡ ಮಾಡಿ, ಮೇಲೆ ಇಂಥ ಫೈಬರ್‌ಗ್ಲಾಸ್ ಬಾಡಿ ಕೂರಿಸಿ, ಸಮುದ್ರದ ದಂಡೆಯ ಮರಳಿನಲ್ಲಿ ಓಡಿಸುತ್ತಿದ್ದರಂತೆ. ಅಂದಿನಿಂದ ನಮ್ಮ ಒಳ್ಳೆಯ ಕಾರು ಹೊರಗೆ ನಿಂತು ಪೈನ್ ಮರದ ಹಳದಿ ಧೂಳು ತಿನ್ನತೊಡಗಿತು.

ತಂದದ್ದೇನೋ ತಂದರು, ಅದನ್ನು ಮಾಡಿದವರು ಯಾರು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಪತ್ತೆ ಮಾಡಲೆಂದೇ ಆನ್‌ಲೈನ್‌ನಲ್ಲಿ ಒಂದು ಗುಂಪಿತ್ತು. ಬಿಳಿ ಗಡ್ಡದ ಅಂಕಲ್‌ಗಳೆಲ್ಲ ಅಲ್ಲಿ ಹೆಡ್‌ಲೈಟಿನ ಗುಂಡಿ, ಡ್ಯಾಶ್‌ಬೋರ್ಡಿನ ಬಾಗು, ಅಂಚು ಒಳಗೆ ಮಡಚಿದೆಯೋ ಹೊರಗೋ ಎಂದು ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ಕೆಲಸವಿಲ್ಲದವರು ಎಂದು ನಾನು ನಗುತ್ತಿದ್ದೆ. ಆದರೆ ಸಂಜೆ ಪಕ್ಕದಲ್ಲಿ ಕೂತು ಕೇಳುತ್ತಾ ಕೇಳುತ್ತಾ ನನಗೇ ಬೆರಗಾಗತೊಡಗಿತು. ಪಶ್ಚಿಮ ಕರಾವಳಿಯಲ್ಲಿ ಯಾರೋ ಮೊದಲು ಒಂದು ಆಕಾರ ಮಾಡಿದರು. ಅದನ್ನು ನೋಡಿ ದೇಶದ ತುಂಬ, ಶೆಡ್ ಇದ್ದವರೆಲ್ಲ ಬಗ್ಗಿ ಮಾಡಲು ಇಳಿದರು. ಸ್ವಂತ ಆಕಾರ ಮಾಡುವ ತಾಳ್ಮೆ ಇಲ್ಲದವರು ಇನ್ನೊಬ್ಬರ ಬಾಡಿಗೇ ಮೇಣ ಹಚ್ಚಿ, ಅದರ ಮೇಲೆ ಫೈಬರ್ ಹೊದಿಸಿ ಅಚ್ಚು ತೆಗೆದುಬಿಡುತ್ತಿದ್ದರು. ಸಂಕ್ರಾಂತಿಯಲ್ಲಿ ಮರದ ಅಚ್ಚಿನಿಂದ ತೆಗೆದ ಸಕ್ಕರೆ ಗಿಣಿಗೆ ಕೊಕ್ಕು ಚೂಪಾಗಿರುತ್ತದಲ್ಲ. ಆ ಸಕ್ಕರೆ ಗಿಣಿಯಿಂದಲೇ ಮತ್ತೊಂದು ಅಚ್ಚು ಮಾಡಿದರೆ ಕೊಕ್ಕು ಸ್ವಲ್ಪ ಮೊಂಡಾಗುತ್ತದೆ. ಹಾಗೆಯೇ ಕದ್ದ ಬಗ್ಗಿಯ ಗೆರೆಗಳೂ ಮೊಂಡಾಗುತ್ತವೆ, ಆದರೆ ಮೂಲದ ಗೀರು, ತಗ್ಗು, ತಪ್ಪು ಎಲ್ಲವೂ ಜೊತೆಗೇ ಬರುತ್ತವೆ. ಕದ್ದವನಿಗೆ ತಾನು ಏನೇನು ಕದ್ದೆ ಎಂಬುದೇ ತಿಳಿದಿರುವುದಿಲ್ಲ.

ನಮ್ಮ ಬಾಡಿಯನ್ನು ಅಂಕಲ್‌ಗಳು ಬೇಗ ಗುರುತಿಸಿದರು. ಡ್ಯಾಶ್‌ಬೋರ್ಡಿನ ಹಿಂಭಾಗದಲ್ಲಿ ಫೈಬರ್ ಒಳಗೇ ಹೂತಿದ್ದ ಗುರುತು ಫ್ಲೋರಿಡಾದ ಒಂದು ದೊಡ್ಡ ಕಂಪನಿಯದಾಗಿತ್ತು. ಅವರು ಒಂದು ಕಾಲಕ್ಕೆ ರಾಶಿ ರಾಶಿ ಬಾಡಿಗಳನ್ನು ಮಾಡಿ ದೇಶಕ್ಕೆಲ್ಲ ಕಳಿಸಿದ್ದರಂತೆ. ಅಪರೂಪದ್ದೇನೋ ಸಿಕ್ಕಿದೆ ಎಂದುಕೊಂಡಿದ್ದ ನನ್ನ ಗಂಡನ ಮುಖ ಸ್ವಲ್ಪ ಇಳಿಯಿತು. ಆದರೂ ಬಿಡಲಿಲ್ಲ. ಹಿಂದಿನ ಸೀಟಿನ ತಳಕ್ಕೆ ಅಂಟಿಸಿದ್ದ ಕೊಳೆತ ಕಾರ್ಪೆಟ್ಟನ್ನು ಕಿತ್ತು, ಅಂಟನ್ನು ಕೆರೆದು ಕೆರೆದು ತೆಗೆದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಬಗ್ಗಿಗೂ ಪೂಜೆ ಆಗಬೇಕೆಂದು ಅವರ ಹಟ. ಚಕ್ರವೇ ಇಲ್ಲದ ಗಾಡಿಗೆ ನಿಂಬೆಹಣ್ಣನ್ನು ಎಲ್ಲಿಡಲಿ ಎಂದು ಕೇಳಿದೆ. ಬಾಡಿ ನಿಲ್ಲಿಸಿದ್ದ ಮರದ ಸ್ಟ್ಯಾಂಡುಗಳ ಕಾಲಿನ ಕೆಳಗೆ ಇಡು ಎಂದರು. ಇಟ್ಟೆ. ಅರಿಶಿನ ಕಲಸುವಾಗ ನೀರು ಹೆಚ್ಚಾಗಿಬಿಟ್ಟಿತ್ತು. ಬಾಡಿಯ ಮೂಗಿಗೆ ಹಚ್ಚಿ, ಹಿಂಬದಿಗೆ ಹಚ್ಚಲು ಬಗ್ಗಿದಾಗ ಬಟ್ಟಲಿನಿಂದ ಅರಿಶಿನದ ನೀರು ಸೀಟಿನ ತಳಕ್ಕೆ ಚೆಲ್ಲಿತು. ಗೊಣಗಿಕೊಂಡು ಬಟ್ಟೆಯಿಂದ ಒರೆಸಿದೆ. ಉಳಿದ ಕಡೆಯೆಲ್ಲ ಬಣ್ಣ ಹೋಯಿತು. ಒಂದು ಕಡೆ ಮಾತ್ರ, ಕಣ್ಣಿಗೆ ಕಾಣದಷ್ಟು ತಗ್ಗಾಗಿದ್ದ ಜಾಗದಲ್ಲಿ ಹಳದಿ ನಿಂತುಕೊಂಡಿತು. ಪುಟ್ಟ ಹಿಮ್ಮಡಿ, ಅದರ ಮುಂದೆ ಸಾಲಾಗಿ ಬೆರಳು. ಅದು ಮಗುವಿನ ಎಡಗಾಲು.

ಗೋಕುಲಾಷ್ಟಮಿಗೆ ಬಾಗಿಲಿನಿಂದ ದೇವರ ಮನೆಯವರೆಗೆ ಕೃಷ್ಣನ ಹೆಜ್ಜೆ ಬರೆದು ಬೆಳೆದವಳು ನಾನು. ಅಂಥ ಕಾಲು ಪ್ಲಾಸ್ಟಿಕ್ಕಿನಂಥ ಈ ತೊಟ್ಟಿಯ ತಳದಿಂದ ಎದ್ದು ಬಂದಾಗ ಮೈ ಜುಮ್ಮೆಂದಿತು. ನೋಡಿದರೆ ನಾಲ್ಕೇ ಬೆರಳು. ಕಿರುಬೆರಳು ಇರಬೇಕಾದಲ್ಲಿ ಏನೂ ಇರಲಿಲ್ಲ. ನನ್ನ ಗಂಡ ಫೋಟೊ ತೆಗೆದು ಗುಂಪಿಗೆ ಹಾಕಿದರು. ಅಂಕಲ್‌ಗಳು ತಮಾಷೆ ಮಾಡಿದರು. ಫ್ಲೋರಿಡಾದ ಬಾಡಿಗಳಲ್ಲಿ ಕಾರ್ಪೆಟ್ ಕಿತ್ತು ನೋಡಿದವರು ಅವರಲ್ಲಿ ಯಾರೂ ಇರಲಿಲ್ಲ. ಆಮೇಲೆ ಪಕ್ಕದ ರಾಜ್ಯದ ಡರ್ಹಮ್ ಕಡೆಯ ಒಬ್ಬ ಹೆಂಗಸು ಬರೆದರು. ಆ ಕಾಲು ತನ್ನದಿರಬಹುದು, ಬಂದು ನೋಡಬಹುದೇ ಎಂದು ಕೇಳಿದ್ದರು.

ಬಂದವರು ಅರವತ್ತು ದಾಟಿದ ಬಿಳಿಯ ಹೆಂಗಸು. ಮಾಸ್ಕ್ ಹಾಕಿಕೊಂಡೇ ಗ್ಯಾರೇಜಿನ ಬಾಗಿಲಲ್ಲಿ ನಿಂತು ತಮ್ಮ ಕಥೆ ಹೇಳಿದರು. ಅವರ ತಂದೆ ಮನೆಯ ಹಿಂದಿನ ಶೆಡ್ಡಿನಲ್ಲಿ ಮರ ಮತ್ತು ಪ್ಲಾಸ್ಟರಿನಿಂದ ಒಂದು ಬಗ್ಗಿಯ ಮಾದರಿ ಮಾಡಿದ್ದರು. ಪ್ಲಾಸ್ಟರ್ ಇನ್ನೂ ಹಸಿಯಿದ್ದಾಗ ಪುಟ್ಟ ಹುಡುಗಿಯಾಗಿದ್ದ ಇವರು ಅದರೊಳಗೆ ಇಳಿದು ಕಾಲಿಟ್ಟರು. ತಂದೆ ಅದನ್ನು ಹಾಗೇ ಬಿಟ್ಟರು; ಹೇಗೂ ಮೇಲೆ ಕಾರ್ಪೆಟ್ ಬರುತ್ತದೆ ಎಂದರಂತೆ. ಅದರಿಂದ ಅಚ್ಚು ತೆಗೆದು ಕೆಲವೇ ಬಾಡಿ ಮಾಡಿದರು, ಮಾರಾಟವಾಗಲಿಲ್ಲ, ನಿಲ್ಲಿಸಿ ದೋಣಿ ರಿಪೇರಿಗೆ ಇಳಿದರು. ಆ ಬಾಡಿಗಳಲ್ಲಿ ಒಂದೂ ಉಳಿದಂತಿಲ್ಲ. ಆದರೆ ಫ್ಲೋರಿಡಾದವರು ತನ್ನ ಆಕಾರವನ್ನು ಕದ್ದರು, ಬೇಕಾದರೆ ಅವರ ಕಾರ್ಪೆಟ್ ಎತ್ತಿ ನೋಡಿ, ನನ್ನ ಮಗಳ ಕಾಲಿದೆ ಎಂದು ತಂದೆ ವರ್ಷಗಟ್ಟಲೆ ಹೇಳುತ್ತಿದ್ದರು. ಕಂಡವರ ಗಾಡಿಯ ಕಾರ್ಪೆಟ್ಟನ್ನು ಯಾರು ಎತ್ತುತ್ತಾರೆ? ಸೋತವರ ಬಡಾಯಿ ಎಂದು ಜನ ನಕ್ಕರು. ತಾಯಿಯಂತೂ ಹಬ್ಬದ ಊಟದಲ್ಲಿ ನೆಂಟರ ಎದುರೇ, ಸಾಕು ಮಾಡಿ ಆ ಸುಳ್ಳನ್ನು ಎಂದಿದ್ದರಂತೆ. ಆಮೇಲೆ ಸಾಯುವವರೆಗೂ ತಂದೆ ಆ ಮಾತನ್ನು ಎತ್ತಿರಲಿಲ್ಲ.

ಆಕೆ ಶೂ ಬಿಚ್ಚಿದರು, ಸಾಕ್ಸ್ ಬಿಚ್ಚಿದರು. ಎಡಗಾಲಿನ ಕಿರುಬೆರಳು ಹುಟ್ಟಿನಿಂದಲೇ ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ನೆಲಕ್ಕೆ ತಾಗುವುದು ನಾಲ್ಕೇ ಬೆರಳು. ನನ್ನ ಕಣ್ಣು ತುಂಬಿತು. ಯಾರದ್ದೋ ಕಾಲಿಗೆ ನಾನೇಕೆ ಅಳಬೇಕು ಎಂದು ನನ್ನ ಮೇಲೇ ಸಿಟ್ಟೂ ಬಂತು.

ಈಗ ನನ್ನ ಗಂಡನಿಗೆ ಸಂಕಟ. ನನ್ನನ್ನು ಅಡುಗೆಮನೆಗೆ ಕರೆದರು.

"ಇದು ಅವ್ರ ಅಪ್ಪ ಮಾಡಿದ್ದಲ್ಲ ಕಣೇ. ಫ್ಲೋರಿಡಾದವ್ರ ಮಾರ್ಕ್ ಇದೆ, ಅಂಚೆಲ್ಲ ಮೊಂಡಾಗಿದೆ. ಪ್ಯೂರ್ ಕಾಪಿ. ಇಷ್ಟು ದೂರ ಡ್ರೈವ್ ಮಾಡ್ಕೊಂಡ್ ಬಂದಿದಾರೆ, ಹೇಗೆ ಹೇಳ್ಲಿ?"

"ನೀವೇ ಹೇಳಿ. ಸುಳ್ಳು ಹೇಳೋದ್ ಬೇಡ," ಎಂದೆ.

ಅವರು ತಡವರಿಸುತ್ತಾ ಹೇಳಿದರು. ಡ್ಯಾಶ್‌ಬೋರ್ಡಿನ ಹಿಂದೆ ಟಾರ್ಚ್ ಹಿಡಿದು ಕಂಪನಿಯ ಗುರುತನ್ನೂ ತೋರಿಸಿದರು. ಆಕೆ ಆ ಗುರುತನ್ನು ನೋಡಿದರು, ತಿರುಗಿ ತಮ್ಮ ಕಾಲಿನ ಗುರುತನ್ನು ನೋಡಿದರು. ನಿರಾಸೆಯಾಗುತ್ತದೆ ಎಂದು ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಆಕೆ ನೀರು ಮುಟ್ಟಲಿಲ್ಲ. ತಂದೆ ಮಾಡಿದ್ದೇ ಆಗಿದ್ದರೆ ಅದರಲ್ಲಿ ತನ್ನ ಕಾಲಿರುವುದು ಏನು ಹೆಚ್ಚು ಎಂದು ಕೇಳಿದರು. ಫ್ಲೋರಿಡಾದವರ ಬಾಡಿಯಲ್ಲಿ ಇದೆಯಲ್ಲ, ಅದನ್ನೇ ಅಲ್ಲವೇ ಅಪ್ಪ ಹೇಳುತ್ತಿದ್ದದ್ದು ಎಂದರು. ನಮ್ಮಿಬ್ಬರಿಗೂ ಆಗ ಹೊಳೆಯಿತು. ಕದ್ದವರೇ ಸಾಕ್ಷಿಯನ್ನು ಊರೂರಿಗೆ ಹೊತ್ತು ಮಾರಿದ್ದರು. ನಾವು ಕಾಣದ ಎಷ್ಟೋ ಗ್ಯಾರೇಜುಗಳಲ್ಲಿ, ಕೊಳೆತ ಕಾರ್ಪೆಟ್ಟುಗಳ ಕೆಳಗೆ, ಈ ಹೆಂಗಸಿನ ಪುಟ್ಟ ಕಾಲಿತ್ತು.

ಆಕೆಯ ತಾಯಿ ಇನ್ನೂ ಇದ್ದರು, ಡರ್ಹಮ್‌ನ ಒಂದು ವೃದ್ಧಾಶ್ರಮದಲ್ಲಿ. ಕೊರೊನಾದಿಂದಾಗಿ ಮಾತೆಲ್ಲ ಫೋನಿನಲ್ಲೇ. ಮಗಳು ಅಲ್ಲೇ ಗ್ಯಾರೇಜಿನ ನೆಲದ ಮೇಲೆ ಕೂತು ಸ್ಪೀಕರ್ ಹಾಕಿ ಎಲ್ಲವನ್ನೂ ನಿಧಾನವಾಗಿ ಹೇಳಿದರು. ಆ ಕಡೆಯಿಂದ ತೆಳುವಾದ ಒಂದು ದನಿ ಕೇಳಿತು. ಇಂಗ್ಲಿಷಿನಲ್ಲಿ ಆಡಿದ ಮಾತು ನನ್ನ ನೆನಪಿನಲ್ಲಿ ನಮ್ಮ ಮಾತಾಗಿಯೇ ಉಳಿದಿದೆ.

"ಎಡಗಾಲಾ?"

"ಹೂಂ ಅಮ್ಮ, ಎಡಗಾಲು."

"ಆ ಪ್ಲಾಸ್ಟರ್ ಹೋಗೋ ತನಕ ನಿನ್ನ ಕಾಲನ್ನ ಬಿಸಿನೀರಲ್ಲಿ ನಾನೇ ಉಜ್ಜಿದ್ದೆ. ನೀನು ಅತ್ತಿದ್ದೆ. ನಾನು ಅವರನ್ನ ನಂಬಲಿಲ್ಲ, ಅಲ್ವಾ?"

ಮಗಳು ಏನಾದರೂ ಸಮಾಧಾನದ ಮಾತು ಹೇಳುತ್ತಾರೆ ಎಂದುಕೊಂಡೆ. ಆಕೆ ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯನ್ನು ಬಾಡಿಯೊಳಗೆ ಚಾಚಿ ಆ ತಗ್ಗಿನ ಮೇಲೆ ಇಟ್ಟುಕೊಂಡಿದ್ದರು.

"ಇಲ್ಲ ಅಮ್ಮ. ನಾನೂ ನಂಬಿರಲಿಲ್ಲ. ಕಾಲು ನಂದೇ ಆಗಿತ್ತು, ಆದ್ರೂ ನಂಬಲಿಲ್ಲ."