ಮೂರು ತಪ್ಪು ಬರೆಯುವವನು

ಮನೆಯಲ್ಲಿ ಅವನಿಗೆ ವಿಶ್ವಕೋಶ ಎಂದು ಹೆಸರು. ಇಟ್ಟವನು ಅಣ್ಣ. ಹೊಗಳಿ ಇಟ್ಟದ್ದಲ್ಲವೆಂದು ಗೊತ್ತಿದ್ದೂ ಅವನು ಒಳಗೊಳಗೇ ಉಬ್ಬುತ್ತಿದ್ದ. ಬೀದಿಯವರ ಲೆಕ್ಕದಲ್ಲಿ ಅವನು ಸಾಮಾನ್ಯ ಜ್ಞಾನದ ಪುಸ್ತಕ ಬರೆಯುವವನು. ಎದುರುಮನೆಯ ದರ್ಜಿ ಕರೆಂಟು ಹೋದರೂ ಕಿಟಕಿಯಿಂದ ಅವನನ್ನೇ ಕೇಳುತ್ತಿದ್ದ: "ಯಾವಾಗ ಬರುತ್ತೆ ಹೇಳಪ್ಪಾ, ನಿನಗೆ ಗೊತ್ತಿರಲ್ವಾ?"

ನಿಜ ಹೇಳಬೇಕೆಂದರೆ ಅವನು ಬರೆಯುತ್ತಿದ್ದದ್ದು ಪುಸ್ತಕದ ಮುಕ್ಕಾಲು ಪಾಲು. ಅದೂ ತಪ್ಪಾಗಿರುವ ಮುಕ್ಕಾಲು. ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಾಗದದ ಕಟ್ಟುಗಳ ನಡುವೆ ಅಡ್ಡಡ್ಡವಾಗಿ ನಡೆಯಬೇಕಾದ ಕೋಣೆಯೊಂದರಲ್ಲಿ ಅವನ ಕಚೇರಿ. ಮಾಲೀಕರು ಪ್ರಶ್ನೆಯನ್ನೂ ಅದರ ಸರಿಯುತ್ತರವನ್ನೂ ಚೀಟಿಯಲ್ಲಿ ಗೀಚಿ ಕೊಡುತ್ತಿದ್ದರು. ಅದನ್ನು ಕಂಪ್ಯೂಟರಿಗೆ ಏರಿಸಿ, ಸರಿಯುತ್ತರದ ಜೊತೆಗೆ ಮೂರು ತಪ್ಪು ಉತ್ತರಗಳನ್ನು ಹುಟ್ಟಿಸಿ, ಎ, ಬಿ, ಸಿ, ಡಿ ಎಂದು ಸಾಲಾಗಿ ಕೂರಿಸುವುದು ಅವನ ಕೆಲಸ.

ಇದು ಹುಡುಗಾಟವಲ್ಲ. ಒಳ್ಳೆಯ ತಪ್ಪು ಉತ್ತರ ಸರಿಯುತ್ತರದ ದಾಯಾದಿಯ ಹಾಗಿರಬೇಕು. ಮುಖ ಅದೇ, ಮಾತು ಅದೇ, ಆಸ್ತಿ ಮಾತ್ರ ಇಲ್ಲ. ಟರ್ಕಿಯ ರಾಜಧಾನಿ ಅಂಕಾರಾ ಎಂದು ಚೀಟಿ ಬಂದರೆ, ಪಕ್ಕದಲ್ಲಿ ಇಸ್ತಾಂಬುಲನ್ನು ಕೂರಿಸಲೇಬೇಕು. ಓದುವವನ ಕೈ ತಾನಾಗಿ ಅತ್ತ ಹೋಗಬೇಕು. ಈ ಕಸುಬಿನಲ್ಲಿ ಅವನು ಪಳಗಿದ್ದ. ಆದರೆ ಪಳಗಿದವನಿಗೊಂದು ರೋಗವೂ ಅಂಟಿತ್ತು. ಸರಿಯುತ್ತರಗಳು ಯಾರದೋ ಚೀಟಿಯಿಂದ ಬಂದವು. ತಪ್ಪುಗಳು ಅವನ ಹೊಟ್ಟೆಯಲ್ಲಿ ಹುಟ್ಟಿದವು. ನೆನಪಿನಲ್ಲಿ ಉಳಿಯುತ್ತಿದ್ದದ್ದು ಯಾವುವು ಎಂದು ಬೇರೆ ಹೇಳಬೇಕಿಲ್ಲ. ಯಾರಾದರೂ ಥಟ್ಟನೆ ಏನಾದರೂ ಕೇಳಿದರೆ ಅವನ ತಲೆಯಲ್ಲಿ ನಾಲ್ಕು ಉತ್ತರಗಳು ಒಟ್ಟಿಗೆ ಎದ್ದು ನಿಂತು ಕೈಯೆತ್ತುತ್ತಿದ್ದವು. ಆಗ ಅವನು ಗಂಭೀರವಾಗಿ, "ಅದು ಅಷ್ಟು ಸುಲಭದ ಪ್ರಶ್ನೆಯಲ್ಲ" ಎಂದುಬಿಡುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು.

ಆ ಮನೆಯಲ್ಲಿ ನಿಜವಾಗಿ ಓದುತ್ತಿದ್ದವಳು ಅತ್ತಿಗೆ. ಪರದೆ, ಹೊದಿಕೆ ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ. ಗಿರಾಕಿ ಇರಲಿ ಬಿಡಲಿ, ಮಾರುವವರು ಕೂರುವಂತಿಲ್ಲ ಎಂಬುದು ಆ ಅಂಗಡಿಯ ಕಟ್ಟಪ್ಪಣೆ. ಸಂಜೆ ಮನೆಗೆ ಬಂದು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು, "ಬದುಕಿನಲ್ಲಿ ಒಂದೇ ಒಂದು ಆಸೆ ಕಣೋ, ಕೂತು ಮಾಡೋ ಕೆಲಸ" ಎನ್ನುತ್ತಿದ್ದಳು. ಪಟ್ಟಣದ ಗ್ರಂಥಾಲಯದಲ್ಲಿ ಸಹಾಯಕರ ಹುದ್ದೆಗಳಿಗೆ ಪರೀಕ್ಷೆ ಕರೆದಿದ್ದರು. ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತದೆ. ಹಾಗಾಗಿ ಈ ಭಾನುವಾರದ ಪರೀಕ್ಷೆ ತಪ್ಪಿದರೆ ಬಕೆಟ್ಟೇ ಗತಿ.

ಸುದ್ದಿ ತಿಳಿದ ದಿನ ಅವನು ತನ್ನ ಕಚೇರಿಯ ಹೊಸ ಪುಸ್ತಕವನ್ನು ತಂದು, ರಾಜ್ಯ ದಾನ ಮಾಡುವವನ ಠೀವಿಯಿಂದ ಅವಳ ಕೈಗಿಟ್ಟಿದ್ದ. "ಇದೊಂದು ಓದಿ ಸಾಕು ಅತ್ತಿಗೆ, ಇನ್ನೇನೂ ಬೇಡ."

ಅವಳು ಅವನ ಮಾತನ್ನು ಅಕ್ಷರಶಃ ನಂಬಿದಳು. ಪರದೆ ಬಟ್ಟೆಯ ಸುರುಳಿಗಳ ಹಿಂದೆ ಪುಸ್ತಕವಿಟ್ಟುಕೊಂಡು, ಅಂಗಡಿಯ ಮೇಲ್ವಿಚಾರಕ ಆಚೆ ತಿರುಗಿದಾಗಲೆಲ್ಲ ಒಂದೊಂದು ಪುಟ ನುಂಗಿದಳು. ಇನ್ನೇನೂ ಓದಲಿಲ್ಲ.

ಗುರುವಾರ ಊಟದ ಹೊತ್ತಿಗೆ ಅವಳು ಪುಸ್ತಕವನ್ನು ಗಂಡನ ಮುಂದೆ ತೆರೆದಿಟ್ಟಳು. "ಎಲ್ಲಿಂದ ಬೇಕಾದ್ರೂ ಕೇಳಿ. ತಡವರಿಸಿದ್ರೆ ನಾಳೆ ಬೆಳಿಗ್ಗೆ ಚಹಾ ನಾನು ಕುಡಿಯಲ್ಲ."

ಅಣ್ಣ ಫ್ರಿಜ್ಜು ರಿಪೇರಿ ಮಾಡುವವನು. ಯಾವ ಯಂತ್ರವನ್ನಾದರೂ ಹಿಂಬದಿಯಿಂದಲೇ ಬಿಚ್ಚುವ ಅಭ್ಯಾಸ; ಅಧ್ಯಾಯವನ್ನೂ ಕೊನೆಯಿಂದಲೇ ಹಿಡಿದ. "ಆಕ್ಟೋಪಸ್ಸಿಗೆ ಎಷ್ಟು ಹೃದಯ?"

"ಎಂಟು!"

ಮೈದುನ ತುತ್ತು ಬಾಯಿಗಿಡುತ್ತಿದ್ದವನು ನಕ್ಕ. "ಮೂರು, ಅತ್ತಿಗೆ. ಕಾಲು ಎಂಟು."

"ಕಾಲು ಎಂಟಿದ್ರೆ ಕಾಲಿಗೊಂದು ಹೃದಯ. ನಿಮ್ಮ ಪುಸ್ತಕದಲ್ಲೇ ಇದೆಯಲ್ಲೋ."

"ಇರೋದಕ್ಕೆ ಸಾಧ್ಯವೇ ಇಲ್ಲ."

"ಮುಂದಿಂದು ಕೇಳ್ತೀನಿ," ಎಂದ ಅಣ್ಣ. "ಸೂರ್ಯನ ಸುತ್ತ ಇರೋ ಗ್ರಹಗಳಲ್ಲಿ ಅತ್ಯಂತ ಬಿಸಿ ಇರೋದು ಯಾವುದು?"

"ಬುಧ."

"ಶುಕ್ರ," ಎಂದ ಅವನು. ಈಗ ನಗು ಅರ್ಧಕ್ಕೆ ನಿಂತಿತ್ತು.

"ಸೂರ್ಯನಿಗೆ ಹತ್ತಿರ ಯಾವುದು?" ಎಂದು ಅತ್ತಿಗೆ ಕೇಳಿದಳು.

"ಬುಧ."

"ಒಲೆ ಪಕ್ಕ ಕೂತವನಿಗೆ ಸೆಖೆ ಜಾಸ್ತಿಯೋ, ಅವನ ಹಿಂದೆ ಕೂತವನಿಗೋ?"

ಅಣ್ಣ ಹೆಂಡತಿಯನ್ನು ಮೆಚ್ಚುಗೆಯಿಂದ ನೋಡಿದ. ಶುಕ್ರ ಎಂಬುದು ವಿಶ್ವಕೋಶನಿಗೆ ಗೊತ್ತಿತ್ತು. ಯಾಕೆ ಶುಕ್ರ ಎಂಬುದು ಗೊತ್ತಿರಲಿಲ್ಲ. ಮಾಲೀಕರ ಚೀಟಿಯಲ್ಲಿ ಯಾಕೆ ಎಂಬುದಕ್ಕೆ ಜಾಗವೇ ಇರುತ್ತಿರಲಿಲ್ಲ. ಪುಸ್ತಕ ಕಸಿದುಕೊಂಡು ಅಧ್ಯಾಯದ ಕೊನೆಯ ಉತ್ತರಗಳ ಪುಟ ತೆರೆದ. ಆಕ್ಟೋಪಸ್ಸಿನ ಮುಂದೆ ಡಿ ಎಂದಿತ್ತು. ಡಿ ಎಂದರೆ ಎಂಟು. ಆ ಎಂಟನ್ನು ಅಲ್ಲಿ ಕೂರಿಸಿದವನು ಅವನೇ, ಬಹಳ ಪ್ರೀತಿಯಿಂದ. ಗ್ರಹದ ಮುಂದೆ ಎ. ಎ ಎಂದರೆ ಬುಧ. ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿ ಎಂದಿತ್ತು. ಕ್ಯಾನ್‌ಬೆರಾ ಅಲ್ಲವೇ? ಅಥವಾ ಕ್ಯಾನ್‌ಬೆರಾ ತಾನು ಹುಟ್ಟಿಸಿದ ಊರೋ?

"ಏನೋ ವಿಶ್ವಕೋಶ, ಬೆವರ್ತಾ ಇದ್ದೀಯಾ?" ಎಂದ ಅಣ್ಣ.

"ಅದು ಅಷ್ಟು ಸುಲಭದ ಪ್ರಶ್ನೆಯಲ್ಲ," ಎಂದು ತಟ್ಟೆ ಎತ್ತಿಕೊಂಡು ಎದ್ದ.

ಮರುದಿನ ಕಚೇರಿಯಲ್ಲಿ ಹಳೆಯ ಪ್ರೂಫು ಹರಡಿ ಕೂತಾಗ ಸಂಗತಿ ಬೆಳಕಿಗೆ ಬಂತು. ಜಗತ್ತಿನ ಅತಿ ಎತ್ತರದ ಕಟ್ಟಡ ಯಾವುದೆಂಬ ಪ್ರಶ್ನೆ ಆ ಅಧ್ಯಾಯದ ನಡುವೆ ಇತ್ತು. "ಇವತ್ತೊಂದು, ನಾಳೆ ಇನ್ನೊಂದು ಕಟ್ತಾರೆ, ತೆಗೆದು ಹಾಕು" ಎಂದಿದ್ದರು ಮಾಲೀಕರು. ಅವನು ಪ್ರಶ್ನೆಯನ್ನು ತೆಗೆದಿದ್ದ. ಅಧ್ಯಾಯದ ಕೊನೆಯ ಪುಟದಲ್ಲಿದ್ದ ಅದರ ಉತ್ತರವನ್ನು ತೆಗೆಯಲು ಮರೆತಿದ್ದ. ಯಜಮಾನನಿಲ್ಲದ ಆ ಒಂಟಿ ಉತ್ತರ ಮುಂದಿನ ಪ್ರಶ್ನೆಗೆ ಹೋಗಿ ಅಂಟಿಕೊಂಡಿತ್ತು, ಮುಂದಿನದು ಅದರ ಮುಂದಿನದಕ್ಕೆ. ಹೀಗೆ ಅಧ್ಯಾಯದ ಕೊನೆಯ ತನಕ ಪ್ರತಿಯೊಂದು ಪ್ರಶ್ನೆಯೂ ಪಕ್ಕದ ಮನೆಯವರ ಉತ್ತರ ತೊಟ್ಟುಕೊಂಡು ನಿಂತಿತ್ತು.

"ಸಾರ್, ಮೂರನೇ ಅಧ್ಯಾಯದ ಉತ್ತರ ಜಾರಿದೆ."

ಮಾಲೀಕರು ಕನ್ನಡಕ ಮೇಲಕ್ಕೇರಿಸಿದರು. "ಎಲ್ಲಾ ತಪ್ಪಾ?"

"ಅರ್ಧ ಅಧ್ಯಾಯ ಸಾರ್. ಅದರಲ್ಲೂ ಕೆಲವು ಅದೃಷ್ಟಕ್ಕೆ ಸರಿ ಇವೆ."

"ನೋಡು ಮತ್ತೆ!" ಎಂದರು ಅವರು, ವ್ಯಾಜ್ಯ ಗೆದ್ದವರಂತೆ. "ಯಾರಾದ್ರೂ ಫೋನ್ ಮಾಡಿ ಬೈದ್ರಾ?"

"ಇಲ್ಲ ಸಾರ್."

"ಅಂದ್ರೆ ಅಲ್ಲಿ ತನಕ ಯಾರೂ ಓದಿಲ್ಲ."

"ನಮ್ಮ ಅತ್ತಿಗೆ ಓದಿದ್ದಾರೆ. ಬಾಯಿಪಾಠ ಮಾಡಿದ್ದಾರೆ."

"ದುಡ್ಡು ಕೊಟ್ಟು ತಗೊಂಡ್ರಾ?"

"ನಾನೇ ಕೊಟ್ಟಿದ್ದು."

"ಹಾಗಾದ್ರೆ ಅದು ನಿಮ್ಮ ಮನೆ ವಿಷಯ," ಎಂದು ಮಾಲೀಕರು ಕನ್ನಡಕ ಇಳಿಸಿದರು. ಮಾರಾಟವಾಗದೆ ಉಳಿದ ಪ್ರತಿಗಳಿಗೆ ತಿದ್ದುಪಡಿ ಚೀಟಿ ಅಂಟಿಸಲು ಮಾತ್ರ ಅಪ್ಪಣೆಯಾಯಿತು. ಚೀಟಿ ಅಂಟಿಸುವವನು ಯಾರೆಂದು ಅವರು ಹೇಳಲಿಲ್ಲ; ಅಂಟಿನ ಡಬ್ಬಿಯನ್ನು ಅವನ ಮೇಜಿನ ಕಡೆ ತಳ್ಳಿದರು.

ಸಂಜೆ ಅವನು ಅತ್ತಿಗೆಯ ಬಕೆಟ್ಟಿನ ಮುಂದೆ ನಿಂತು ಎಲ್ಲ ಹೇಳಿದ. ಅವಳು ನಂಬಲಿಲ್ಲ.

"ಪುಸ್ತಕ ತಪ್ಪು, ನೀನು ಸರಿ ಅಂತೀಯಾ?"

"ಆ ಪುಸ್ತಕ ಮಾಡಿದ್ದೇ ನಾನು ಅತ್ತಿಗೆ!"

"ಅದಕ್ಕೇ ಕೇಳ್ತಿರೋದು. ಮಾಡುವಾಗ ತಪ್ಪು ಮಾಡಿದವನು ಹೇಳುವಾಗ ಸರಿ ಹೇಳ್ತಾನೆ ಅಂತ ಏನು ಗ್ಯಾರಂಟಿ?"

ಅವನು ಪ್ರೂಫಿನ ಹಾಳೆ ತೋರಿಸಿದ. ಅವಳು ಒದ್ದೆ ಕಾಲು ಒರೆಸಿಕೊಂಡು ಹಾಳೆಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ನಿಂತ್ಕೊಂಡೇ ಕಲಿತಿದ್ದು ಕಣೋ ಇದನ್ನೆಲ್ಲ," ಎಂದಳು ಅಷ್ಟೇ.

ಅಲ್ಲಿಂದ ತಿದ್ದುಪಡಿ ಶುರುವಾಯಿತು. ಕಲಿಸುವುದಕ್ಕಿಂತ ಮರೆಸುವುದು ಕಷ್ಟ ಎಂಬುದು ಅವನಿಗೆ ಆ ಶುಕ್ರವಾರ ಮತ್ತು ಶನಿವಾರ ಗೊತ್ತಾಯಿತು. ಅವನು ಪ್ರಶ್ನೆ ಕೇಳುವುದು, ಅವಳು ಹಳೆಯ ಉತ್ತರ ಹೇಳುವುದು, ಅವನು ಕೂಗುವುದು, ಅವಳು ಕಣ್ಣು ಮುಚ್ಚಿ ಹೊಸ ಉತ್ತರ ಜಪಿಸುವುದು. "ಎಂಟಲ್ಲ ಮೂರು, ಎಂಟಲ್ಲ ಮೂರು." ಹತ್ತು ಪ್ರಶ್ನೆ ಬಿಟ್ಟು ಮತ್ತೆ ಕೇಳಿದರೆ, "ಮೂರಲ್ಲ ಎಂಟು" ಎಂದು ಹೆಮ್ಮೆಯಿಂದ ನೋಡುತ್ತಿದ್ದಳು. ಬುಧ, ಶುಕ್ರರ ಜಾಗಕ್ಕೆ ಬಂದಾಗಲೆಲ್ಲ ಅವನ ದನಿ ಏರುತ್ತಿತ್ತು. ಎದುರುಮನೆ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ, "ಯಾರಪ್ಪಾ ಅದು ಶುಕ್ರ, ಏನು ಮಾಡಿದ?" ಎಂದು ಕೇಳಿದ.

"ಶುಕ್ರ ಯಾಕೆ, ಅದೊಂದು ಹೇಳು, ಇಟ್ಟುಕೊಳ್ತೀನಿ ತಲೇಲಿ," ಎಂದು ಅವಳು ಅಂಗಲಾಚಿದಳು.

"ಯಾಕೆ ಅಂತ ಪರೀಕ್ಷೆಲಿ ಕೇಳಲ್ಲ ಅತ್ತಿಗೆ!" ಎಂದು ಅವನು ರೇಗಿದ. ರೇಗಿದ್ದು ಗೊತ್ತಿಲ್ಲದ್ದಕ್ಕೆ.

ಶನಿವಾರ ಸಂಜೆಯ ಹೊತ್ತಿಗೆ ಅವಳ ತಲೆ ಮಾತ್ರವಲ್ಲ, ಅವನದೂ ಕಲಸಿಹೋಗಿತ್ತು. ಒಂದೆರಡು ಕಡೆ ಅವನೇ ಹಳೆಯ ಉತ್ತರವನ್ನು ಸರಿಯೆಂದು ಕೂಗಿ, ನಾಲಿಗೆ ಕಚ್ಚಿಕೊಂಡು ಹಾಳೆ ನೋಡಿದ. ಅಣ್ಣ ಬಾಗಿಲಲ್ಲಿ ನಿಂತು, "ಓಡ್ತಾ ಇದ್ದ ಮೋಟರನ್ನ ಬಿಚ್ಚಿ ಹಾಕಿದ್ದೀಯ. ಇನ್ನು ಮುಟ್ಟಬೇಡ, ಬಿಟ್ಟುಬಿಡು ಮಾರಾಯ" ಎಂದ.

ಭಾನುವಾರ ಪರೀಕ್ಷೆ ನಡೆಯುವ ಶಾಲೆಯ ಗೇಟಿನ ತನಕ ಅವನೂ ಹೋದ. ಅವಳು ಒಳಗೆ ಹೋದ ಮೇಲೆ ಎದುರಿನ ಚಹಾದಂಗಡಿಯ ಬೆಂಚಿನಲ್ಲಿ ಕೂತು, ಆಕ್ಟೋಪಸ್ಸು ಬಾರದಿರಲಿ, ಗ್ರಹಗಳು ಬಾರದಿರಲಿ ಎಂದು ಬೇಡಿಕೊಂಡ. ಯಾರನ್ನು ಬೇಡಿಕೊಳ್ಳಬೇಕೆಂಬುದೂ ಆ ಹೊತ್ತಿಗೆ ಸ್ಪಷ್ಟವಿರಲಿಲ್ಲ.

ಅವಳು ಹೊರಗೆ ಬಂದಾಗ ಮುಖ ನೋಡಿ ಏನೂ ಹೇಳುವಂತಿರಲಿಲ್ಲ.

"ಬಂದಿತ್ತು ಕಣೋ. ಅತ್ಯಂತ ಬಿಸಿಯಾದ ಗ್ರಹ."

ಅವನು ಬೆಂಚಿನಿಂದ ದಡಕ್ಕನೆ ಎದ್ದ. "ಏನು ಹಾಕಿದ್ರಿ?"

"ತಾಳು, ಹೇಳ್ತೀನಿ. ಪ್ರಶ್ನೆ ನೋಡಿದ ತಕ್ಷಣ ನೀನು ಕೂಗಿದ್ದು ನೆನಪಾಯ್ತು. ಕಣ್ಣು ಕೆಂಪಗೆ ಮಾಡ್ಕೊಂಡು, ಕುತ್ತಿಗೆ ನರ ಉಬ್ಬಿಸ್ಕೊಂಡು. ಎಲ್ಲಾ ಹಾಗೇ ಕಂಡ ಹಾಗಾಯ್ತು. ಬುಧ ಅಂದಾಗ ಕೂಗಿದ್ಯೋ, ಶುಕ್ರ ಅಂದಾಗ ಕೂಗಿದ್ಯೋ, ಅದೊಂದು ಮಾತ್ರ ನೆನಪಾಗ್ಲಿಲ್ಲ."

"ಅಯ್ಯೋ."

"ಆಮೇಲೆ ಯೋಚನೆ ಮಾಡ್ದೆ. ನೀನು ಹೇಳಿದ್ದು ನನಗೆ ಒಂಚೂರೂ ನ್ಯಾಯ ಅನ್ನಿಸಿರಲಿಲ್ಲ. ಹಾಗಾದ್ರೆ ಯಾವುದು ನ್ಯಾಯ ಅಲ್ವೋ ಅದೇ ಸರಿ ಇರಬೇಕು. ಶುಕ್ರ ಹಾಕ್ದೆ."

ಅವನು ಬೆಂಚಿನ ಮೇಲೆ ಕುಸಿದು ಕೂತು ಉಸಿರುಬಿಟ್ಟ. "ಸರಿ ಅತ್ತಿಗೆ! ಸರಿಯಾಗಿದೆ!"

"ಸರಿ ಅಂತ ನನಗೆ ಅಲ್ಲೇ ಅನ್ನಿಸ್ತು. ಅದಕ್ಕೇ ಉಳಿದಿದ್ದನ್ನೂ ಅದೇ ಲೆಕ್ಕದಲ್ಲಿ ಮಾಡಿದೆ."

"ಯಾವ ಲೆಕ್ಕದಲ್ಲಿ?"

"ಅನುಮಾನ ಬಂದ ಕಡೆಯೆಲ್ಲ, ಯಾವುದು ನ್ಯಾಯ ಅನ್ಸಲ್ವೋ ಅದು. ಜಗತ್ತಿನ ಅತಿ ದೊಡ್ಡ ಮರುಭೂಮಿ ಅಂದ್ರು. ಮರಳಿರೋದು ಬಿಟ್ಟು ಹಿಮ ಇರೋ ಅಂಟಾರ್ಕ್ಟಿಕಾ ಹಾಕ್ದೆ."

"ಸರಿ," ಎಂದ ಅವನು ನಿಧಾನವಾಗಿ.

"ಮಾಮೂಲಿ ಶಾಖದಲ್ಲಿ ನೀರಿನ ಹಾಗೆ ಹರಿಯೋ ಲೋಹ ಯಾವುದು ಅಂತ ಕೇಳಿದ್ರು. ಪಾದರಸ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಅಷ್ಟು ಸುಲಭ ಇರಲ್ಲ ಅಂತ ಸೀಸ ಹಾಕ್ದೆ."

ಅವನು ತಲೆ ಮೇಲೆ ಕೈ ಹೊತ್ತ. ಮನೆ ತಲುಪುವ ತನಕ ಅವಳು ಒಂದೊಂದೇ ಹೇಳುತ್ತ ಹೋದಳು. ಒಂದು ಸರಿ, ಒಂದು ತಪ್ಪು, ಮೂರು ಸರಿ, ಒಂದಕ್ಕೆ ಅವನಿಗೇ ಗೊತ್ತಿರಲಿಲ್ಲ. ಈ ಲೆಕ್ಕದಲ್ಲಿ ಅವಳು ಗೆದ್ದಳೋ ಸೋತಳೋ, ತಾನು ಅವಳನ್ನು ಮುಳುಗಿಸಿದೆನೋ ತೇಲಿಸಿದೆನೋ, ತಿಳಿಯದೆ ಅವನು ಫಲಿತಾಂಶದ ತನಕ ಅತ್ತಿಗೆಯ ಮುಖ ತಪ್ಪಿಸಿಕೊಂಡೇ ಓಡಾಡಿದ. ಬಿಸಿನೀರು ಕಾಯಿಸುವ ಕೆಲಸವನ್ನು ಹೇಳದೆ ಕೇಳದೆ ತಾನೇ ವಹಿಸಿಕೊಂಡ.

ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಕೆಳಗಿನ ಕಡೆ, ಆದರೂ ಗೆರೆಯ ಮೇಲೆ. ಅಣ್ಣ ಅಂಗಡಿಯಿಂದ ಸಿಹಿ ತಂದ. ದರ್ಜಿ ಬಂದು ವಿಶ್ವಕೋಶದ ಕೈ ಕುಲುಕಿ, "ಎಲ್ಲಾ ನಿನ್ನ ಪುಸ್ತಕದ ಮಹಿಮೆ" ಎಂದ. ಅವನು ಸಿಹಿಯ ಪೊಟ್ಟಣವನ್ನು ದರ್ಜಿಯ ಕಡೆ ಚಾಚಿದ.

ಸುದ್ದಿ ಮಾಲೀಕರ ಕಿವಿಗೂ ಬಿತ್ತು. ಮುಂದಿನ ಮುದ್ರಣದ ಹಿಂಬದಿಗೆ ಅತ್ತಿಗೆಯ ಫೋಟೋ ಹಾಕಬೇಕೆಂದು ಅವರು ಪಟ್ಟು ಹಿಡಿದರು. ಅವನು ತಡವರಿಸುತ್ತ ಮನೆಯಲ್ಲಿ ಕೇಳಿದ. ಅವಳು ಮರುದಿನ ಗ್ರಂಥಾಲಯಕ್ಕೆ ಹೋಗಲು ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು.

"ಫೋಟೋ ಕೆಳಗೆ ಏನಂತ ಬರೀತಾರೆ?"

"'ಈ ಪುಸ್ತಕ ಓದಿದ್ದರಿಂದಲೇ ನನಗೆ ಕೆಲಸ ಸಿಕ್ಕಿತು' ಅಂತ."

"ಹೌದಾ? ಅದರಿಂದಲೇ ಸಿಕ್ಕಿದ್ದಾ?"

ಅವನು ಬಹಳ ಯೋಚಿಸಿದ. ಪುಸ್ತಕದಿಂದ ಸಿಕ್ಕಿತು, ಪುಸ್ತಕವಿದ್ದೂ ಸಿಕ್ಕಿತು, ಪುಸ್ತಕದ ತಪ್ಪಿನಿಂದ ಸಿಕ್ಕಿತು, ತಪ್ಪನ್ನು ತಿದ್ದಲು ಹೋಗಿ ಕೆಡಿಸಿದ್ದರಿಂದ ಸಿಕ್ಕಿತು. ನಾಲ್ಕೂ ಒಂದೇ ತಾಯಿಯ ಮಕ್ಕಳಂತೆ ಕಂಡವು.

"ಗೊತ್ತಿಲ್ಲ ಅತ್ತಿಗೆ," ಎಂದ.

"ನಿನಗೇ ಗೊತ್ತಿಲ್ಲ ಅಂದ್ಮೇಲೆ ಸುಳ್ಳು ಅಂತ ಹೇಳೋಕೂ ಆಗಲ್ಲ," ಎಂದು ಅವಳು ಸೆರಗನ್ನು ತಿರುವಿ ಹಾಕಿದಳು. "ಬರ್ಕೊಳ್ಳಲಿ. ಆದ್ರೆ ಫೋಟೋ ಮಾತ್ರ ನಾನು ಹೇಳಿದ್ದೇ ಹಾಕ್ಬೇಕು. ನಿಮ್ಮಣ್ಣ ತೆಗೆದಿದ್ದು ಬೇಡ, ಅದರಲ್ಲಿ ನನಗೆ ಕುತ್ತಿಗೆನೇ ಇಲ್ಲ."