ವಿಭೂತಿ ಹಚ್ಚಿದ ಕಾರ್ಡುಗಳು

ಸೋತ ತಂಡವೊಂದನ್ನು ಇಡೀ ಬೇಸಿಗೆ ಗೆಲ್ಲಿಸಿದ ಮೂರ್ಖ ನಾನು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದು ನಗುವುದು ಬೇಡ. 2008ರಲ್ಲಿ ಸ್ಯಾನ್ ಡಿಯೆಗೊದ ಬೇಸ್‌ಬಾಲ್ ತಂಡ ಪಟ್ಟಿಯ ತಳಕ್ಕಿಳಿದು ಅಲ್ಲೇ ಕಾಲು ಚಾಚಿ ಮಲಗಿತ್ತು. ಆದರೆ ಲಾಂಗ್ ಬೀಚಿನ ಒಂದು ಮನೆಯಲ್ಲಿ, ಕಿಟಕಿ ಪಕ್ಕದ ಒಂದು ಮಂಚದ ಮೇಲೆ ಮಾತ್ರ ಅದೇ ತಂಡ ದಿನಾ ಸಂಜೆ ಗೆಲ್ಲುತ್ತಿತ್ತು. ಗೆಲ್ಲಿಸುತ್ತಿದ್ದವನು ಫೋನಿನ ಈ ತುದಿಯಲ್ಲಿ ಮೂಗು ಹಿಡಿದುಕೊಂಡು ರೇಡಿಯೊ ಕಾಮೆಂಟರಿಯವನ ದನಿ ತೆಗೆಯುತ್ತಿದ್ದ ಹದಿನೈದರ ಪೋರ. ನಾಲಿಗೆಯಿಂದ ಬ್ಯಾಟಿನ ಟಕ್, ಗಂಟಲಿನಿಂದ ಜನರ ಹೋ, ಎಲ್ಲಾ ಸ್ವಂತ ತಯಾರಿಕೆ. ಆ ಕಾಲದ ನನ್ನ ಆಸ್ತಿಯೆಂದು ಈಗ ಉಳಿದಿರುವುದು ಒಂದು ಶೂ ಡಬ್ಬಿ, ಅದರ ತುಂಬಾ ಆಟಗಾರರ ಚಿತ್ರದ ಕಾರ್ಡುಗಳು. ಮುಚ್ಚಳ ತೆಗೆದರೆ ಮೂಗಿಗೆ ಬಡಿಯುವುದು ಅಚ್ಚಿನ ಶಾಯಿಯ ವಾಸನೆಯಲ್ಲ, ವಿಭೂತಿಯದು. ಅದರ ಬೆನ್ನಿಗೇ ಒಣಗಿದ ನೀಲಗಿರಿ ಎಲೆಯದು. ಅವೆರಡೂ ಕೂಡಿದರೆ ನಮ್ಮ ಆಯಿ. ಡಬ್ಬಿಯನ್ನು ನಾನು ಹೆಚ್ಚು ಹೊತ್ತು ತೆರೆದಿಡುವುದಿಲ್ಲ, ವಾಸನೆ ಖರ್ಚಾಗಿಬಿಟ್ಟೀತೆಂಬ ಭಯ.

ಆಯಿ ಅಂದರೆ ನಮ್ಮ ಕಡೆ ಅಜ್ಜಿ, ಅಪ್ಪನ ತಾಯಿ. 2001ರಲ್ಲಿ ಧಾರವಾಡದಿಂದ ಸ್ಯಾನ್ ಡಿಯೆಗೊದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ನಮ್ಮ ಮನೆಗೆ ಬಂದಳು, ನನಗಾಗ ಎಂಟು ವರ್ಷ. ಬರುವಾಗ ಚೀಲದಲ್ಲಿ ತಂದ ವಿಭೂತಿ ಗಟ್ಟಿಯನ್ನು ಏರ್‌ಪೋರ್ಟಿನಲ್ಲಿ ಹಿಡಿದು ಇದೇನೆಂದು ಕೇಳಿದ ಅಧಿಕಾರಿಗೆ, ತನ್ನ ಹಣೆಗೆ ಮೂರು ಬೆರಳು ಬಳಿದುಕೊಂಡು ತೋರಿಸಿದಳಂತೆ. ಅವನ ಹಣೆಯ ಕಡೆಗೂ ಕೈ ಹೋಗುವಷ್ಟರಲ್ಲಿ ಅಪ್ಪ ಓಡಿಬಂದು ಹಿಡಿದುಕೊಂಡನಂತೆ. ಆ ಮನೆಯ ಹಿಂದೆ ಸಾಲಾಗಿ ನೀಲಗಿರಿ ಮರಗಳು. ಮಧ್ಯಾಹ್ನದ ಬಿಸಿಲಿಗೆ ಇಡೀ ಓಣಿಗೇ ನೆಗಡಿಯಾದಂಥ ವಾಸನೆ. ಪಕ್ಕದ ಮನೆಯಲ್ಲಿ ಕೆಮ್ಮಿದಂತೆ ಬೊಗಳುವ ಮುದಿ ನಾಯಿ. ಅಡುಗೆಮನೆಯ ಬಾಗಿಲಲ್ಲಿ ಆಯಿಯ ಕರಿಬೇವಿನ ಕುಂಡ. ನಮ್ಮ ಓರಗೆಯ ಮಕ್ಕಳೆಲ್ಲ ಮನೆಯಲ್ಲಿ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ನಾನೂ ಹಾಗೇ ಇದ್ದೆ. ಆದರೆ ಆಯಿಯನ್ನು ಅಣಕಿಸದೆ ಇರಲಾಗಲಿಲ್ಲ. ಅವಳು ಮೊಣಕಾಲು ಹಿಡಿದು "ಶಿವನೇ" ಎಂದು ಏಳುವುದು, ಫೋನಿನಲ್ಲಿ ಧಾರವಾಡಕ್ಕೇ ಕೇಳುವ ಹಾಗೆ ಕೂಗುವುದು, ಎಲ್ಲವನ್ನೂ ಮಾಡಿ ತೋರಿಸುತ್ತಾ ತೋರಿಸುತ್ತಾ ಅವಳ ಮಾತು ನನ್ನ ನಾಲಿಗೆಯಲ್ಲಿ ಅಂಟಿಕೊಂಡಿತು. ಈಗ ನೀವು ಓದುತ್ತಿರುವ ಕನ್ನಡ ಶುರುವಾದದ್ದು ಕುಚೇಷ್ಟೆಯಾಗಿ. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ನೆನಪಿಲ್ಲ, ನಾನು ಮಂಗ್ಯಾ.

ಕಾರ್ಡುಗಳ ಹುಚ್ಚು ನನಗೆ ಆಗಲೇ ಹಿಡಿದಿತ್ತು. ಅಂಗಡಿಯಲ್ಲಿ ಹೊಳೆಯುವ ಪೊಟ್ಟಣದಲ್ಲಿ ಸಿಗುತ್ತಿದ್ದವು. ಒಡೆದ ಮೇಲೇ ಒಳಗೆ ಯಾರಿದ್ದಾರೆಂದು ತಿಳಿಯುವುದು. ನನಗೆ ಬೇಕಾದವರು ನಮ್ಮೂರ ತಂಡದವರು ಮಾತ್ರ, ಉಳಿದವರನ್ನು ಓಣಿಯ ಹುಡುಗರ ಜೊತೆ ಅದಲುಬದಲು ಮಾಡಿಕೊಳ್ಳುತ್ತಿದ್ದೆ. ಮೂಲೆ ಮುಕ್ಕಾಗದ, ಬೆರಳಚ್ಚು ಬೀಳದ ಕಾರ್ಡಿಗೇ ಮರ್ಯಾದೆ. ಸಂಜೆ ಟಿವಿಯಲ್ಲಿ ಪಂದ್ಯ ನಡೆಯುವಾಗ ಆಯಿ ಶೇಂಗಾ ಸುಲಿಯುತ್ತಾ ಬಂದು ಕೂರುತ್ತಿದ್ದಳು. ಆಟದ ಕಾನೂನು ಅವಳಿಗೆ ಬೇಕಿರಲಿಲ್ಲ. ಆಟಗಾರರು ಬಾಯಿತುಂಬ ಏನೋ ಜಗಿದು ಉಗುಳುವುದನ್ನು ಕಂಡು "ನಮ್ಮ ಮಂದೀನ ಬಿಡು" ಎಂದು ಒಪ್ಪಿಕೊಂಡಳು. ಬ್ಯಾಟಿನವನ ಹಿಂದೆ ಮುಖಕ್ಕೆ ಜಾಲರಿ ಕಟ್ಟಿಕೊಂಡು ಚೆಂಡು ಹಿಡಿಯಲು ಕುಕ್ಕರುಗಾಲಲ್ಲಿ ಕೂತಿರುತ್ತಾನಲ್ಲ, ಅವನ ಮೇಲೆ ಮಾತ್ರ ಪ್ರಾಣ. "ಇಡೀ ಅಮೆರಿಕಾದಾಗ ನೆಟ್ಟಗ ಕುಂಡ್ರಾಕ ಬರೋದು ಇವನೊಬ್ಬಗ ನೋಡು" ಎನ್ನುತ್ತಿದ್ದಳು. ನಮ್ಮ ತಂಡದ ಆ ಜಾಗಕ್ಕೆ ಒಬ್ಬ ಬದಲಿ ಆಟಗಾರನಿದ್ದ, ವರ್ಷಕ್ಕೊಮ್ಮೆ ಅಂಗಳಕ್ಕಿಳಿದರೆ ಹೆಚ್ಚು. ಅವನ ಕಾರ್ಡನ್ನು ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟುತ್ತಿರಲಿಲ್ಲ. ಆಯಿಗೆ ಅದೇ ಬೇಕಾಯಿತು. ಅವನಿಗೆ ಕುಕ್ಕರಗಾಲ್ಯಾ ಎಂದು ಹೆಸರಿಟ್ಟು, ಕಾರ್ಡನ್ನು ಸೊಂಟದ ಚೀಲದಲ್ಲಿ ಎಲೆಅಡಿಕೆಯ ಜೊತೆ ಇಟ್ಟುಕೊಂಡು, ಒಂದು ಮೂಲೆಯನ್ನು ಖಾಯಂ ಆಗಿ ಮಡಚಿಬಿಟ್ಟಳು.

ಮೊದಲ ದಸರಾಕ್ಕೇ ನನ್ನ ಎದೆ ಒಡೆಯಿತು. ನಮ್ಮ ಕಡೆ ಅದರ ಒಂಬತ್ತನೆಯ ದಿನ ಖಂಡೇಪೂಜೆ, ಹೊಟ್ಟೆಗೆ ಅನ್ನ ಹಾಕುವ ಆಯುಧಗಳಿಗೆಲ್ಲ ವಿಭೂತಿ ಹಚ್ಚಿ ಕೈ ಮುಗಿಯುವುದು. ಆಯಿ ಅಪ್ಪನ ಲ್ಯಾಪ್‌ಟಾಪಿಗೆ ಹಚ್ಚಿದಳು, ಕಾರಿಗೆ ಹಚ್ಚಿದಳು, ಅಮ್ಮನ ಮಿಕ್ಸರಿಗೂ ಹಚ್ಚಿದಳು. ನಾನು ಸ್ಕೂಲಿನಿಂದ ಬಂದು ನೋಡಿದರೆ ದೇವರ ಮುಂದೆ ನನ್ನ ಕಾರ್ಡುಗಳೆಲ್ಲ ಸಾಲಾಗಿ ಕೂತಿವೆ, ಒಬ್ಬೊಬ್ಬನ ಹಣೆಯ ಮೇಲೂ ಮೂರೆಳೆ ವಿಭೂತಿ! ಜೀವದ ಹಾಗೆ ಕಾಪಾಡಿದ, ಪ್ಲಾಸ್ಟಿಕ್ ಕವಚ ಬಿಚ್ಚದ ಕಾರ್ಡನ್ನೂ ಬಿಚ್ಚಿ ಹಚ್ಚಿದ್ದಳು. ನಾನು ನೆಲಕ್ಕೆ ಬಿದ್ದು ಅತ್ತೆ. "ಅಳತೀ ಯಾಕೋ? ವರ್ಷಪೂರ್ತಿ ಬ್ಯಾಟ್ ಹಿಡದು ದುಡದಾರ, ಅವರಿಗೂ ಪೂಜಿ ಬ್ಯಾಡೇನು?" ಎಂದಳು. ಮರುದಿನ ಬನ್ನಿ ಕೊಡುವ ಹಬ್ಬ. ಊರಲ್ಲಾದರೆ ಬನ್ನಿ ಎಲೆಯನ್ನು ಒಬ್ಬರ ಕೈಯಲ್ಲೊಬ್ಬರು ಇಟ್ಟು, ಬಂಗಾರದಂಗ ಇರೋಣ ಎಂದು ಹಳೆಯ ಜಗಳ ಮರೆಯುವುದು. ಸ್ಯಾನ್ ಡಿಯೆಗೊದಲ್ಲಿ ಬನ್ನಿ ಎಲ್ಲಿಂದ? ಹಿತ್ತಲ ನೀಲಗಿರಿ ಎಲೆಯನ್ನೇ ಕಿತ್ತು ಕೊಟ್ಟಳು. ಮನೆಗೆ ಬಂದ ಅಂಕಲ್ಲು ಆಂಟಿಯರೆಲ್ಲ ನೆಗಡಿಯ ಮುಲಾಮು ಹಚ್ಚಿಕೊಂಡವರ ಹಾಗೆ ಘಮಗುಡುತ್ತಾ ವಾಪಸಾದರು. ಮುಂದಿನ ವರ್ಷ ಅವಳಿಗೆ ಇನ್ನೂ ಒಳ್ಳೆಯ ಉಪಾಯ ಹೊಳೆಯಿತು. ನಾವು ಹುಡುಗರು ರಸ್ತೆಬದಿಯಲ್ಲಿ ಕಾರ್ಡು ಕೊಟ್ಟು ತೆಗೆದುಕೊಳ್ಳುವುದನ್ನು ಕಂಡಿದ್ದಳಲ್ಲ, "ಇವರೂ ಬನ್ನಿ ಕೊಡತಾರವ್ವಾ" ಎಂದು ಅಮ್ಮನಿಗೆ ಹೇಳಿ, ನನ್ನ ಡಬ್ಬಿಯಿಂದ ಬಂದವರಿಗೆಲ್ಲ ಒಂದೊಂದು ಕಾರ್ಡು ಹಂಚಿದಳು. ಎಲ್ಲರ ಮನೆಗೂ ಹೋಗಿ ಅವನ್ನು ವಾಪಸು ಕೇಳಿ ತಂದದ್ದು ನನ್ನ ಬಾಳಿನ ಮೊದಲ ಭಿಕ್ಷಾಟನೆ. ಆಮೇಲಿನ ದಸರಾಗಳಲ್ಲಿ ಒಪ್ಪಂದವಾಯಿತು. ಬನ್ನಿಗೆಂದು ಒಂದಿಷ್ಟು ಕಾರ್ಡು ನಾನೇ ಆರಿಸಿ ಕೊಡಬೇಕು, ಡಬ್ಬಿಯಲ್ಲಿ ಅವಳು ಹಾಕುವ ನೀಲಗಿರಿ ಎಲೆಗೆ ನಾನು ಚಕಾರ ಎತ್ತಬಾರದು.

ಈ ಬನ್ನಿಗೆ ತಪ್ಪದೆ ಬರುತ್ತಿದ್ದವನು ಕಾಕಾ, ಅಪ್ಪನ ತಮ್ಮ. ಲಾಸ್ ಏಂಜಲಿಸ್ ಪಕ್ಕದ ಲಾಂಗ್ ಬೀಚಿನಲ್ಲಿ ಬಂದರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಲಾಸ್ ಏಂಜಲಿಸ್ ತಂಡದ ನೀಲಿ ಟೋಪಿಯನ್ನು ಸ್ನಾನಕ್ಕೂ ತೆಗೆಯುತ್ತಿರಲಿಲ್ಲವೆಂದು ನನ್ನ ಗುಮಾನಿ. ಅದು ನಮ್ಮ ತಂಡದ ವೈರಿ. "ಏನೋ, ನಿಮ್ಮವರು ಇವತ್ತೂ ಮಣ್ಣು ಮುಕ್ಕಿದ್ರಂತ?" ಎನ್ನುತ್ತಲೇ ಒಳಗೆ ಬರುತ್ತಿದ್ದ, ಕೈಯಲ್ಲಿ ನನಗೆಂದು ಕಾರ್ಡಿನ ಪೊಟ್ಟಣ. ನಾನು ಅವನ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದೆ. ಆಯಿ ಇಬ್ಬರಿಗೂ ಬೈಯುತ್ತಿದ್ದಳು. ಅಪ್ಪ ನಗುತ್ತಿದ್ದ. ಅಪ್ಪ ಆಗ ನಗುತ್ತಿದ್ದ ಎಂಬುದನ್ನು ಬರೆದಿಡಬೇಕು, ಇಲ್ಲದಿದ್ದರೆ ನಾನೇ ನಂಬುವುದಿಲ್ಲ.

2007ರ ಕೊನೆಯಲ್ಲಿ ಅಪ್ಪನ ಟೆಲಿಕಾಂ ಕೆಲಸ ಹೋಯಿತು. ಮುಂದಿನ ವಸಂತದಲ್ಲಿ ಸಾಲದ ಕಂತು ಕಟ್ಟಲಾಗದೆ ಮನೆ ಹೋಯಿತು. ಆ ಹೊತ್ತಿಗೆ ಆಯಿಯ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು, ಎದುರಿಗಿದ್ದವರೂ ಅವಳಿಗೆ ಮಬ್ಬು. ಧಾರವಾಡದ ಮನೆಯನ್ನು ಮಾರಿ ಮಗನ ಮನೆಯೇ ತನ್ನ ಮನೆಯೆಂದು ಬಂದವಳಿಗೆ ಆ ಮನೆಯೂ ಇಲ್ಲವೆಂದು ಹೇಳಲು ಅಪ್ಪನಿಗೆ ಬಾಯಿ ಬರಲಿಲ್ಲ. ಕಣ್ಣಿನ ಡಾಕ್ಟರ್ ಅಲ್ಲಿ ಚಲೋ ಇದ್ದಾನೆಂದು ನೆಪ ಹೇಳಿ ಕಾಕಾನ ಮನೆಗೆ ಬಿಟ್ಟುಬಂದ. "ಅವ್ವಗ ಗೊತ್ತಾಗಬಾರದು" ಎಂದು ನಮಗೆಲ್ಲ ಹೇಳಿದ. ಬೇರೇನನ್ನೂ ಅವನು ಆ ವರ್ಷ ನಮ್ಮಲ್ಲಿ ಕೇಳಲಿಲ್ಲ. ಹೊರಡುವ ಮುಂಚೆ ಆಯಿ ನನ್ನ ಶೂ ಡಬ್ಬಿಯನ್ನು ಮಡಿಲಿಗೆಳೆದುಕೊಂಡಳು. "ಇದು ನನ್ನ ಕಡೆ ಇದ್ರ ಈ ಮಂಗ್ಯಾ ನನ್ನ ಕರಕೊಂಡು ಹೋಗಾಕ ಬಂದ ಬರತಾನ" ಎಂದಳು. ನಾನು ತಮಾಷೆ ಮಾಡಲು ಬಾಯಿ ತೆರೆದೆ. ಮೊದಲ ಬಾರಿಗೆ ಯಾರ ದನಿಯೂ ಹೊರಡಲಿಲ್ಲ.

ನಾವು ಕಣಿವೆಯ ಕೆಳಗೆ, ಟ್ರಾಲಿ ರೈಲಿನ ಹಳಿ ಪಕ್ಕದ ಅಪಾರ್ಟ್‌ಮೆಂಟಿಗೆ ಬಂದೆವು. ಹಳೆಯ ಮನೆಯ ಬೀಗದ ಕೈಯನ್ನು ಬ್ಯಾಂಕಿನವರಿಗೆ ಕೊಟ್ಟು ಬಂದ ಸಂಜೆ ಆಯಿಗೆ ಫೋನ್ ಮಾಡಿದೆ. ಆ ಊರಿನ ಟಿವಿಯಲ್ಲಿ ಬರುವುದು ನೀಲಿಯವರ ಪಂದ್ಯ, ನಮ್ಮ ತಂಡದ ಸುದ್ದಿಗೆ ಅವಳಿಗೆ ನಾನೇ ದಿಕ್ಕು. "ಏನಾತೋ ಇವತ್ತ?" ಎಂದಳು. ಸೋತಿದ್ದರು. ಅಡುಗೆಮನೆಯಲ್ಲಿ ಕಟ್ಟಿಟ್ಟ ರಟ್ಟಿನ ಡಬ್ಬಿಗಳ ನಡುವೆ ಅಪ್ಪ ನಿಂತೇ ಇದ್ದ, ಕೂರಲು ಕುರ್ಚಿ ಬಿಚ್ಚಿರಲಿಲ್ಲ. "ಗೆದ್ವಿ ಆಯಿ" ಎಂದೆ. ಅಷ್ಟೇ, ಆಮೇಲೆ ನಿಲ್ಲಿಸಲು ಬರಲಿಲ್ಲ. ದಿನಾ ಗೆಲ್ಲಿಸಿದೆ. ಗೆಲುವಿನ ಜೊತೆಗೆ ಮನೆಯನ್ನೂ ಕಟ್ಟಿದೆ. ಕರಿಬೇವು ಚಿಗುರಿದೆ ಎಂದೆ, ಪಕ್ಕದ ಮನೆಯ ನಾಯಿಯ ಹಾಗೆ ಫೋನಿನೊಳಗೆ ಬೊಗಳಿ, "ಕೇಳಿಸ್ತೇನು? ನಿನ್ನ ನೆನಸಾಕತ್ತೈತಿ" ಎಂದೆ. ನನ್ನ ಜನ್ಮದಲ್ಲೇ ಅಂಥ ಮಿಮಿಕ್ರಿ ಮಾಡಿಲ್ಲ. ಅಲ್ಲಿ ಕಾಕಾ ಫೋನನ್ನು ಸ್ಪೀಕರಿಗೆ ಹಾಕಿಟ್ಟು, ನಾನು ಹೇಳಿದ ದಿನದ ಶೂರನ ಕಾರ್ಡನ್ನು ಡಬ್ಬಿಯಿಂದ ಹುಡುಕಿ ಕೊಡಬೇಕು, ಆಯಿ ಬೆರಳಿನಿಂದ ತಡವಿ ಅವನಿಗೆ ವಿಭೂತಿ ಹಚ್ಚಬೇಕು. "ಮನಿಗೆ ಎಂದ ಬರಲೋ?" ಎಂದು ಕೊನೆಗೆ ಕೇಳುತ್ತಿದ್ದಳು. ಮುಂದಿನ ವಾರ ಎನ್ನುತ್ತಿದ್ದೆ.

ಒಂದು ಸಂಜೆ ಹಾಗೇ ಕೂಗಿ ಗೆಲ್ಲಿಸುತ್ತಿರುವಾಗ ಆ ಬದಿಯಿಂದ ಕಾಕಾನ ಉಸಿರು ಕಟ್ಟಿದ್ದು ಕೇಳಿಸಿತು. ಅಂದಿನ ಪಂದ್ಯ ಲಾಸ್ ಏಂಜಲಿಸ್‌ನಲ್ಲೇ, ಕಾಕಾನ ತಂಡದ ಮೇಲೆ. ಆಯಿಯ ಪಕ್ಕದಲ್ಲೇ ಅವನ ಟಿವಿಯಲ್ಲಿ ಅದೇ ಈಗ ಮುಗಿದಿದೆ, ಅವನ ಊರಿಗೆ ಊರೇ ಕೇಕೆ ಹಾಕುತ್ತಿದೆ! ಆಗ ಕಾಕಾ, ಜೀವಮಾನವಿಡೀ ನೀಲಿ ಟೋಪಿ ಹೊತ್ತವನು, ಟಿವಿ ಆರಿಸಿ, ಹೆಣದ ಮುಂದೆ ಕೂತವನ ದನಿಯಲ್ಲಿ "ಹೌದವ್ವಾ, ನಮ್ಮವರು ಸೋತ್ರು" ಎಂದ. ಅದಕ್ಕಿಂತ ದೊಡ್ಡ ಬನ್ನಿಯನ್ನು ಅವನು ಯಾರಿಗೂ ಕೊಟ್ಟಿರಲಾರ. ಆಯಿ "ಕಾರ್ಡು ಕೊಡು" ಎಂದಳು.

ಆ ಚಳಿಗಾಲದಲ್ಲೇ ಆಯಿ ತೀರಿಕೊಂಡಳು, ಲಾಂಗ್ ಬೀಚಿನಲ್ಲೇ, ಬಂದರಿನ ಹಡಗಿನ ಸಿಳ್ಳು ಕೇಳುವ ಆ ಕೋಣೆಯಲ್ಲೇ. ಅವಳನ್ನು ಮನೆಗೆ ಕರೆತರಲು ನಮ್ಮಲ್ಲಿ ಮನೆ ಇರಲಿಲ್ಲ. ಆದರೆ ನನ್ನ ಮಟ್ಟಿಗೆ ಈ ಕತೆ ಅದಕ್ಕೂ ಮುಂಚಿನ ದಸರಾದಲ್ಲೇ ಮುಗಿದಿದೆ. ಬನ್ನಿ ಕೊಡಲೆಂದು ಆ ಸಲ ನಾವೇ ಅಲ್ಲಿಗೆ ಹೋದೆವು. ಕಾಕಾನ ತಂಡ ದೊಡ್ಡ ಪಂದ್ಯಗಳಿಗೆ ಏರಿತ್ತು. ಆದರೂ ಅವನ ಟಿವಿ ಮಾತಾಡುತ್ತಿರಲಿಲ್ಲ, ಟೋಪಿ ಎಲ್ಲೋ ಒಳಗಿತ್ತು. ಅಪ್ಪ ಬಾಗಿಲ ಬಳಿಯೇ ಚಪ್ಪಲಿ ಬಿಡುವ ನೆಪದಲ್ಲಿ ನಿಂತಿದ್ದ. ನಾನು ಮಂಚದ ಮೇಲೆ ಕೂತು ಮೂಗು ಹಿಡಿದು, ಬರುವ ವರ್ಷ ನಮ್ಮ ತಂಡ ಹೇಗೆ ಮೆರೆಯಲಿದೆ ಎಂದು ಶುರು ಮಾಡಿದೆ. ಆಯಿ ನನ್ನ ಬಾಯಿಯ ಮೇಲೆ ಕೈ ಇಟ್ಟಳು. ಕೈಯಲ್ಲಿ ವಿಭೂತಿ ವಾಸನೆ.

"ನಾಯಿ ಚಲೋ ಬೊಗಳತೀಯಪ್ಪ," ಎಂದಳು. "ಫೋನಿನ್ಯಾಗ ನಿನ್ನ ಹಿಂದ ರೈಲಿನ ಗಂಟಿ ದಿನಾ ಬಡೀತಿತ್ತು, ಅದನ್ನ ಮುಚ್ಚಾಕ ಬರಲಿಲ್ಲ ನಿನಗ. ನಮ್ಮ ಮನೀ ಕಡೆ ರೈಲು ಎಲ್ಲೈತಿ?"

ಆಯಿ ಬಾಗಿಲ ಕಡೆ ಮುಖ ತಿರುಗಿಸಿ "ಬಾ ಇಲ್ಲೆ" ಎಂದಳು, ಮಬ್ಬಿನಲ್ಲೂ ಅಪ್ಪ ಎಲ್ಲಿ ನಿಂತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅಪ್ಪ ಬಂದ. ಬಂದವನು ಕುರ್ಚಿ ಬಿಟ್ಟು ಅವಳ ಕಾಲ ಬಳಿ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವಳು ಅವನ ಹಣೆಯನ್ನು ತಡವಿ ಹುಡುಕಿ, ಕಾರ್ಡುಗಳಿಗೆ ಹಚ್ಚುತ್ತಿದ್ದ ಹಾಗೆಯೇ, ಮೂರು ಬೆರಳು ಎಳೆದಳು. ಆಮೇಲೆ ಸೊಂಟದ ಚೀಲದಿಂದ ಮೂಲೆ ಮಡಚಿದ ಆ ಕುಕ್ಕರಗಾಲ್ಯಾನನ್ನು ತೆಗೆದು ಬನ್ನಿಯೆಂದು ಅಪ್ಪನ ಕೈಯಲ್ಲಿಟ್ಟಳು. ನನಗೆ ನಾಚಿಕೆ, ದುಃಖ, ಸಿಟ್ಟು, ಎಲ್ಲಾ ಒಟ್ಟಿಗೇ ಬಂದು, ಯಾರ ದನಿಯನ್ನೂ ಎರವಲು ತೆಗೆದುಕೊಳ್ಳದೆ ಕೇಳಿದೆ: "ಕಾಕಾನ ಟಿವೀನೂ ಕೇಳಿಸಿತ್ತು, ಎಲ್ಲಾ ಗೊತ್ತಿತ್ತಲ್ಲ ಆಯಿ, ಮತ್ಯಾಕ ಸೋತವರಿಗೆ ದಿನಾ ವಿಭೂತಿ ಹಚ್ಚಿದಿ?"

"ಗೆದ್ದವರಿಗೆ ಹಚ್ಚಾಕ ಊರ ಮಂದಿ ಇರತಾರೋ ಮಂಗ್ಯಾ. ಸೋತು ಬಂದವರಿಗೆ ಮನ್ಯಾಗಿನವರ ಹಚ್ಚಬೇಕು."