ಹಿಂದಿನ ಸೀಟಿನ ಮೆಕ್ಯಾನಿಕ್

ರಾಜೀವನಗರ ಮುಗಿದು ಹೊಸ ಬಡಾವಣೆ ಶುರುವಾಗುವ ಕಡೆ ರಸ್ತೆಗಳಿವೆ, ಮನೆಗಳಿನ್ನೂ ಎದ್ದಿಲ್ಲ. ಬೆಳಕು ಸರಿಯಾಗಿ ಹರಿಯುವ ಮೊದಲೇ ಸಿದ್ದೇಶ್ ತಮ್ಮ ಕೆಂಪು ಯೆಜ್ಡಿ ಬೈಕನ್ನು ಶೆಡ್ಡಿನಿಂದ ತಳ್ಳಿಕೊಂಡು ಇಲ್ಲಿಗೆ ಬಂದಿದ್ದಾರೆ. ಎಡಗಾಲು ತುಸು ಎಳೆಯುತ್ತದೆ. ಅವರ ಹೆಂಡತಿ ಯಶೋಧಾ ಸೈಟಿನ ಗಡಿಕಲ್ಲಿನ ಮೇಲೆ ಕೂತು, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಾರೆ.

"ಕೊಕ್ಕೆ ಬಿಚ್ಚಿದ್ರಾ?"

"ಬಿಚ್ಚಿವ್ನಿ ಕಣೇ."

"ಮೊನ್ನೆನೂ ಇಂಗೇ ಅಂದ್ರಿ."

ಸಿದ್ದೇಶ್ ಬಗ್ಗಿ ನೋಡುತ್ತಾರೆ. ಕೊಕ್ಕೆ ಬಿಚ್ಚಿಲ್ಲ. ಸದ್ದಿಲ್ಲದೆ ಬಿಚ್ಚಿ, ಗಾಡಿಯ ಎಡಬದಿಗೆ ನಿಂತು ಬಲಗಾಲಿನಲ್ಲಿ ಕಿಕ್ ಹೊಡೆಯುತ್ತಾರೆ. ಮೊದಲೆರಡು ಒದೆತಕ್ಕೆ ಗಾಡಿ ಬರೀ ಕೆಮ್ಮುತ್ತದೆ. ಆಮೇಲೆ ಜೋಡಿ ಸೈಲೆನ್ಸರಿನಿಂದ ನೀಲಿ ಹೊಗೆ ಚಿಮ್ಮಿ ಎಂಜಿನ್ ಹಿಡಿದುಕೊಂಡಾಗ, ಮರಳಿನ ರಾಶಿಯ ಮೇಲೆ ಮಲಗಿದ್ದ ನಾಯಿ ಎದ್ದು ಜಾಗ ಬದಲಿಸುತ್ತದೆ.

ಕೊಕ್ಕೆಯ ವಿಷಯ ಇಷ್ಟು. ಯೆಜ್ಡಿಯಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಲಿವರ್, ಅದೂ ಎಡಗಾಲಿನ ಕಡೆ. ಆ ಲಿವರಿಗೆ ಸಿದ್ದೇಶ್ ಒಂದು ಕಬ್ಬಿಣದ ಸರಳನ್ನು ಜೋಡಿಸಿದ್ದಾರೆ. ಸರಳಿನ ಮೇಲ್ತುದಿ ಪೆಟ್ರೋಲ್ ಟ್ಯಾಂಕಿನ ಪಕ್ಕ, ಎಡಗೈಗೆ ಸಿಗುವಂತಿದೆ. ಈಗ ಅವರು ಗೇರ್ ಹಾಕುವುದು ಕೈಯಲ್ಲಿ. ಈ ಹಳೆಯ ಗಾಡಿಯಲ್ಲಿ ಗೇರ್ ಲಿವರ್ ಅಲುಗಿದರೆ ಕ್ಲಚ್ ತಾನಾಗಿಯೇ ಬಿಡುವುದರಿಂದ ಇದು ಸಾಧ್ಯವಾಗಿದೆ. ಆದರೆ ಕಿಕ್ ಹೊಡೆದಾದ ಮೇಲೆಯೇ ಸರಳಿನ ಕೊಕ್ಕೆಯನ್ನು ಲಿವರಿಗೆ ಸಿಕ್ಕಿಸಬೇಕು. ಸಿಕ್ಕಿಸಿಟ್ಟು ಒದ್ದರೆ ಸರಳು ಬಾಗುತ್ತದೆ. ಕಾಲಿಗೆ ಇಷ್ಟು ವರ್ಷಗಳ ಅಭ್ಯಾಸ. ಅದು ಕೊಕ್ಕೆಯನ್ನು ಕೇಳುವುದಿಲ್ಲ. ಶೆಡ್ಡಿನ ಮೂಲೆಯಲ್ಲಿ ಬಾಗಿದ ಸರಳುಗಳ ಒಂದು ಸಣ್ಣ ಕಟ್ಟೇ ಇದೆ.

"ಬೇರೆಯವ್ರಿಗೆ ಇಂಥ ಗಾಡಿ ಮಾಡ್ಕೊಟ್ಟು, ನಿಧಾನ ಕಣ್ರೀ, ಅಭ್ಯಾಸ ಮಾಡ್ಕೊಳಿ ಅಂತ ಬುದ್ಧಿ ಹೇಳ್ತಿದ್ದೋನು ನಾನೇ," ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನನ್ನ ಕಡೆ ತಿರುಗಿ ನಗುತ್ತಾರೆ.

ಸಿದ್ದೇಶ್ ಅವರಿಗೆ ಐವತ್ತೇಳು. ಮೈಸೂರಿನಲ್ಲಿ ಹಳೆಯ ಬೈಕುಗಳನ್ನು ಓಡಿಸುವವರಿಗೆ, ಅದಕ್ಕಿಂತ ಹೆಚ್ಚಾಗಿ, ಅಂಗಡಿಯಲ್ಲಿ ಸಿಗುವ ಬೈಕು ತಮ್ಮ ಮೈಗೆ ಹೊಂದದವರಿಗೆ ಅವರ ಪರಿಚಯವಿದೆ. ಕುಳ್ಳಗಿನವರು, ಒಂದು ಕೈಯಲ್ಲಿ ಬಲವಿಲ್ಲದವರು, ಪೋಲಿಯೊ ಆದವರು, ಬೆನ್ನಿಗೆ ಶಸ್ತ್ರಚಿಕಿತ್ಸೆಯಾದವರು ಇವರ ಶೆಡ್ಡಿಗೆ ಬರುತ್ತಾರೆ. ಶೆಡ್ಡಿಗೆ ಬೋರ್ಡಿಲ್ಲ. ವಿಳಾಸ ಕೇಳಿದರೆ, ಹೊಗೆ ಹಿಡಿದು ಬನ್ನಿ ಅನ್ನುತ್ತಾರೆ ಅಕ್ಕಪಕ್ಕದವರು.

ಬೈಕಿನ ಹುಚ್ಚು ಶುರುವಾದದ್ದು ಬನ್ನಿಮಂಟಪದಲ್ಲಿ. ತಂದೆ ಚಿಕ್ಕಬಸವಯ್ಯ ನಂಜನಗೂಡು ಕಡೆಯ ಊರಿನಿಂದ ಬಂದು ಅಲ್ಲಿನ ಗೋದಾಮೊಂದರಲ್ಲಿ ಮೂಟೆ ಹೊರುತ್ತಿದ್ದರು. ವಿಜಯದಶಮಿಯ ರಾತ್ರಿ ಪಂಜಿನ ಕವಾಯತಿಗೆ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದರೆ, ಮಗ ಪಂಜುಗಳನ್ನು ನೋಡುತ್ತಿರಲಿಲ್ಲ. ಬೈಕಿನ ಮೇಲೆ ನಿಂತು ಸಾಹಸ ತೋರಿಸುವ ಸವಾರರು ಬಂದಾಗ ಅಪ್ಪನ ಕಿವಿಯನ್ನೇ ಹ್ಯಾಂಡಲ್ ಮಾಡಿಕೊಂಡು ತಿರುಚುತ್ತಿದ್ದನಂತೆ. "ಅಪ್ಪನ ಬಲಗಿವಿ ಸ್ವಲ್ಪ ಉದ್ದ ಇತ್ತು ಮೇಡಂ. ಅದು ನನ್ ಆಕ್ಸಿಲರೇಟರ್."

ಸಿದ್ದೇಶ್ ಅವರ ಶಾಲೆ ಹತ್ತನೇ ತರಗತಿಗೆ ನಿಂತಿತು. ಬನ್ನಿಮಂಟಪದ ಮಂಟಯ್ಯ ಮೇಸ್ತ್ರಿಯ ಗ್ಯಾರೇಜಿಗೆ ಸೇರಿದರು. ಆಗ ಯಾದವಗಿರಿಯ ಕಾರ್ಖಾನೆಯಿಂದ ಹೊಸ ಯೆಜ್ಡಿಗಳು ಇನ್ನೂ ಹೊರಗೆ ಬರುತ್ತಿದ್ದ ಕಾಲ. ಮಂಟಯ್ಯ ಒಂದು ವಿಚಿತ್ರ ಪದ್ಧತಿ ಇಟ್ಟುಕೊಂಡಿದ್ದರು. ರಿಪೇರಿಗೆ ಬಂದ ಗಾಡಿಯನ್ನು ತಾವು ಓಡಿಸಿ ನೋಡುತ್ತಿರಲಿಲ್ಲ. ಮಾಲೀಕನನ್ನೇ ಮುಂದೆ ಕೂರಿಸಿ, ತಾವು ಹಿಂದೆ ಕೂತು ಒಂದು ಸುತ್ತು ಹೋಗಿ ಬರುತ್ತಿದ್ದರು. ಸಿದ್ದೇಶ್ ಇವತ್ತಿಗೂ ಅದನ್ನೇ ಮಾಡುತ್ತಾರೆ. ಕಣ್ಣು ಮುಚ್ಚಿ, ಎರಡೂ ಕೈ ತೊಡೆಯ ಮೇಲಿಟ್ಟು ಕೂರುತ್ತಾರೆ. ಬ್ರೇಕ್ ಹಿಡಿಯುವ ಮೊದಲು ಸವಾರನ ಯಾವ ಭುಜ ಬಿಗಿಯುತ್ತದೆ, ತಿರುವಿನಲ್ಲಿ ಮೈ ಎತ್ತ ವಾಲುತ್ತದೆ, ಹೆದರಿದಾಗ ಉಸಿರು ಎಲ್ಲಿ ನಿಲ್ಲುತ್ತದೆ, ಇದೆಲ್ಲ ಹಿಂದಿನ ಸೀಟಿಗೆ ಗೊತ್ತಾಗುತ್ತದಂತೆ. ಶೆಡ್ಡಿಗೆ ಮರಳಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಾಡಿಯ ಹೊಸ ಆಕಾರ ಬರೆದ ಮೇಲೆಯೇ ಸ್ಪ್ಯಾನರ್ ಹಿಡಿಯುವುದು.

"ಗಾಡಿ ಎಂಗೈತೆ ಅಂತ ಓಡ್ಸೋನ್ನ ಕೇಳ್ಬಾರ್ದು ಮೇಡಂ. ಅವ್ನು ಸುಳ್ಳು ಹೇಳ್ತಾನೆ. ಬೇಕಂತ ಅಲ್ಲ, ಅವ್ನಿಗೇ ಗೊತ್ತಿರಲ್ಲ. ಹಿಂದೆ ಕೂತೋರ್ನ ಕೇಳ್ಬೇಕು."

ಜೆರಾಕ್ಸ್ ಅಂಗಡಿ ನಡೆಸುವ ಮಹಾಂತೇಶ್ ಅವರ ಬಲಗಾಲು ಚಿಕ್ಕಂದಿನಲ್ಲೇ ಪೋಲಿಯೊಗೆ ಸೋತಿದೆ. ಅವರ ಬೈಕಿನ ಕಾಲು ಬ್ರೇಕನ್ನು ಸಿದ್ದೇಶ್ ಹ್ಯಾಂಡಲಿಗೆ ತಂದುಕೊಟ್ಟಿದ್ದಾರೆ. "ಟೇಪ್ ತಂದು ಅಳತೆ ತಗೋತಾರೆ ಅಂದ್ಕೊಂಡಿದ್ದೆ," ಎನ್ನುತ್ತಾರೆ ಮಹಾಂತೇಶ್. "ಈ ಸಿದ್ದಣ್ಣ ಬಂದೋರೇ ಹಿಂದೆ ಹತ್ತಿ ಕೂತ್ಕೊಂಡು, ನಡೀರಿ, ನಂಗೆ ಮೈಸೂರು ತೋರ್ಸಿ ಅಂದ್ಬುಟ್ರು. ಅಲ್ಲಿವರ್ಗೂ ನನ್ನ ಹೆತ್ತೋರೂ ನನ್ನ ಗಾಡಿ ಹತ್ತಿರ್ಲಿಲ್ಲ."

ಇಂಥ ಮನುಷ್ಯ ಎರಡು ವರ್ಷದಿಂದ ತಮ್ಮ ಗಾಡಿಯನ್ನು ಜನ ಓಡಾಡುವ ರಸ್ತೆಗೆ ತಂದಿಲ್ಲ. ಕಾರಣ, ಆ ಎಡಗಾಲು.

ಮಂಟಯ್ಯನವರ ಗ್ಯಾರೇಜಿನಲ್ಲಿ ಇನ್ನೊಂದು ರೂಢಿಯಿತ್ತು. ಕೆಲಸಕ್ಕೆ ಸೇರಿದವನ ಕಾಲಿಗೆ ಮೊದಲ ಸಲ ಬಿಸಿ ಸೈಲೆನ್ಸರ್ ತಾಗಿ ಸುಟ್ಟಾಗ, ಗಾಡಿ ಮುದ್ದು ಮಾಡಿತು ಎಂದು ಎಲ್ಲರೂ ಕೂಗಿ ಅವನಿಗೆ ಟೀ, ಬನ್ ಕೊಡಿಸುತ್ತಿದ್ದರು. ಆಮೇಲೆ ಸುಟ್ಟರೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಸುಟ್ಟ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ಕಸುಬಿನ ಮರ್ಯಾದೆ. ಸಕ್ಕರೆ ಕಾಯಿಲೆ ಬಂದು ಪಾದದ ಸ್ಪರ್ಶ ನಿಧಾನವಾಗಿ ಕಳೆದುಹೋಗುತ್ತಿದ್ದಾಗಲೂ ಸಿದ್ದೇಶ್ ಆ ಮರ್ಯಾದೆಯನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಎಂಜಿನ್ ಚಾಲೂ ಇಟ್ಟು ಕಾರ್ಬುರೇಟರ್ ಸರಿಮಾಡುತ್ತಿದ್ದರು. ಊಟದ ಡಬ್ಬಿ ತಂದ ಯಶೋಧಾ ಬಾಗಿಲಲ್ಲೇ ನಿಂತು, ಏನೋ ಸುಟ್ಟ ವಾಸನೆ ಅಂದರು.

"ಆಯಿಲ್ ಇರ್ಬೋದು ಅಂದೆ," ಎನ್ನುತ್ತಾರೆ ಸಿದ್ದೇಶ್. "ನನ್ ಪಾದ."

ಚಪ್ಪಲಿಯ ಅಂಚು ಕರಗಿ ಸೈಲೆನ್ಸರಿಗೆ ಅಂಟಿಕೊಂಡಿತ್ತು. ಅವರಿಗೆ ನೋವೇ ಇರಲಿಲ್ಲ. ನೋವಿಲ್ಲದ್ದರಿಂದ ಆಸ್ಪತ್ರೆಗೂ ತಡವಾಗಿ ಹೋದರು. ಎರಡು ಬೆರಳು ತೆಗೆಯಬೇಕಾಯಿತು. ಮನೆಗೆ ಕಳಿಸುವಾಗ ವೈದ್ಯರು ಒಂದು ಮಾತು ಹೇಳಿದರಂತೆ: ಇನ್ನು ಮೇಲೆ ಆ ಕಾಲನ್ನು ನಂಬಬೇಡಿ.

ಈ ಮಾತನ್ನು ನಾನು ಗಂಡ ಹೆಂಡತಿ ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಿ ಖಚಿತಪಡಿಸಿಕೊಂಡೆ. ವೈದ್ಯರ ಮಾತು ಮೀರಿದವರನ್ನು ಹೊಗಳುವ ಬರಹ ಇದಾಗಬಾರದು ಎಂಬ ಅಳುಕು ನನಗಿದೆ. ಗೇರಿಲ್ಲದ ಸ್ಕೂಟರ್ ತೆಗೆದುಕೊಳ್ಳಬಹುದಲ್ಲ ಎಂದೂ ಕೇಳಿದೆ. ಸಿದ್ದೇಶ್ ಬೇಸರಪಡಲಿಲ್ಲ.

"ತಗೋಬೋದು. ಅದು ಎಲ್ಗಾರ ಹೋಗಕ್ಕೆ. ಇದು ಸುಮ್ನೆ ಓಡ್ಸಕ್ಕೆ." ಮತ್ತೆ ತಾವೇ ಹೇಳಿದರು: "ಇನ್ನೊಂದೈತೆ ಮೇಡಂ. ತಾನು ಓಡ್ಸದೇ ಇರೋನು ಇನ್ನೊಬ್ರ ಹಿಂದೆ ಕೂತ್ರೆ ಏನ್ ಗೊತ್ತಾಯ್ತದೆ? ಈಗೀಗ ಕೂತ್ಕೊಂಡಾಗ ಮೊದಲಿನಂಗೆ ತಿಳೀತಿಲ್ಲ. ಬರೀ ಪ್ಯಾಸೆಂಜರ್ ಆಗ್ಬುಟ್ಟಿವ್ನಿ."

ಹಾಗಾಗಿ ಕೈ ಗೇರಿನ ಸರಳು ಬಂತು. ವೈದ್ಯರಿಗೆ ತೋರಿಸಿದರು. ಎಡಗಾಲಿಗೆ ಏನೂ ಕೆಲಸ ಇಲ್ಲದಿದ್ದರೆ, ಮುಚ್ಚಿದ ಬೂಟು ಹಾಕಿದರೆ ನೋಡಬಹುದು ಎಂದರಂತೆ. ಗೇರ್ ಕೈಗೆ ಒಗ್ಗಿತು. ಆದರೆ ಗಾಡಿ ನಿಲ್ಲಿಸುವಾಗೆಲ್ಲ ವಾಲುತ್ತಿತ್ತು. ಏಕೆಂದು ಸಿದ್ದೇಶ್ ಅವರಿಗೆ ತಿಳಿಯಲಿಲ್ಲ. ಸೀಟು ತಗ್ಗಿಸಿದರು, ಹ್ಯಾಂಡಲ್ ಬದಲಿಸಿದರು. ನೆಲದ ಮೇಲೆ ಬರೆದ ಸೀಮೆಸುಣ್ಣದ ಗೆರೆಗಳನ್ನು ಅಳಿಸಿ ಅಳಿಸಿ ಬರೆದರು. ಊರಿನವರ ಗಾಡಿಗಳನ್ನೆಲ್ಲ ಹಿಂದೆ ಕೂತು ಸರಿಮಾಡಿದವರಿಗೆ ತಮ್ಮ ಹಿಂದೆ ತಾವೇ ಕೂರುವ ದಾರಿ ಇರಲಿಲ್ಲ.

ಹಾಸ್ಟೆಲ್ ಒಂದರಲ್ಲಿ ಅಡುಗೆ ಕೆಲಸ ಮಾಡುವ ಯಶೋಧಾ ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಹೇಳಿದರಂತೆ: "ಮದ್ವೆ ಆದಾಗಿಂದ ಹಿಂದೆ ಕೂತಿರೋಳು ನಾನು. ನನ್ನ ಒಂದ್ ಮಾತು ಕೇಳಿದ್ರಾ?"

ಕೇಳಿದರು. ಯಶೋಧಾ ಹೇಳಿದ್ದು ಸಿದ್ದೇಶ್ ಅವರಿಗೆ ಹೊಸ ವಿಷಯ. "ನೀವು ಬ್ರೇಕ್ ಪೂರ್ತಿ ಹಿಡ್ದಿರಲ್ಲ, ಎಡಗಾಲು ಆಗ್ಲೇ ನೆಲ ಹುಡುಕ್ಕೊಂಡು ಹೋಗಿರ್ತದೆ. ಮೊದಲಿಂದ್ಲೂ ಅಂಗೇ. ಬಲಗಾಲು ಯಾವತ್ತೂ ಕೆಳಗಿಟ್ಟಿದ್ದೇ ನಾ ಕಾಣೆ."

ಬಲಗಾಲು ಬ್ರೇಕಿನ ಮೇಲಿರುವುದರಿಂದ ಬಹುತೇಕ ಸವಾರರು ನಿಲ್ಲುವಾಗ ಊರುವುದು ಎಡಗಾಲನ್ನೇ. ಯಾವ ಕಾಲನ್ನು ನಂಬಬೇಡಿ ಎಂದು ವೈದ್ಯರು ಹೇಳಿದ್ದರೋ ಅದೇ ಕಾಲು. ಮರುದಿನವೇ ಸಿದ್ದೇಶ್ ಮಹಾಂತೇಶ್‌ಗೆ ಮಾಡಿಕೊಟ್ಟ ಕೆಲಸವನ್ನು ತಮಗೂ ಮಾಡಿಕೊಂಡರು. ಹಿಂದಿನ ಬ್ರೇಕು ಹ್ಯಾಂಡಲಿಗೆ ಬಂತು. ಬಲಗಾಲಿಗೆ ಬಿಡುವಾಯಿತು. ಗಾಡಿ ಬದಲಾಯಿತು, ಇನ್ನು ಬದಲಾಗಬೇಕಾದದ್ದು ಸವಾರ.

ಕಳೆದ ವಾರ ಇದೇ ರಸ್ತೆಯಲ್ಲಿ ಹಿಂದೆ ಯಶೋಧಾ ಅವರನ್ನು ಕೂರಿಸಿಕೊಂಡು ಹೊರಟರು. ಒಂಟಿಯಾಗಿ ಓಡಿಸುವಾಗ ಬಲಗಾಲು ನೆನಪಿರುತ್ತಿತ್ತು. ಹೆಂಡತಿ ಹಿಂದೆ ಕೂತ ಕೂಡಲೇ ಮೈ ಹಳೆಯ ಸಿದ್ದೇಶ್ ಆಗಿಬಿಟ್ಟಿತು. ನಿಲ್ಲಿಸುವಾಗ ಎಡಗಾಲು ಇಳಿಯಿತು, ಮಡಚಿತು, ಇಬ್ಬರೂ ಉರುಳಿದರು. ಯಶೋಧಾ ಅವರ ಮೊಣಕೈ ತರಚಿದ ಗಾಯ ಇನ್ನೂ ಪೂರ್ತಿ ಒಣಗಿಲ್ಲ.

ಈ ಪ್ರಸಂಗ ಹೇಳುವಾಗಲೂ ಅವರು ಗಂಡನನ್ನು ಬಿಡುವುದಿಲ್ಲ. "ಮದ್ವೆ ಮಾಡ್ಕೊಂಡ್ ಬಂದಾಗ ಇವರಮ್ಮ ಸಿದ್ದಲಿಂಗಮ್ಮ ಹೊಸಿಲಲ್ಲಿ ನಿಂತು, ಬಲಗಾಲಿಟ್ಟು ಒಳೀಕೆ ಬಾರವ್ವ ಅಂದ್ರು. ನಾನು ಒಂದೇ ಸಲಕ್ಕೆ ಕಲ್ತೆ ಮೇಡಂ. ಅವರ ಮಗನ್ನ ನೋಡಿ."

ನಗುತ್ತಲೇ ಅಂದರೂ ಅವರು ಷರತ್ತು ಹಾಕಿದ್ದಾರೆ. ಗೋಕುಲಂನ ಒಂದು ಕೆಫೆಯವರು ಈ ಯೆಜ್ಡಿಯನ್ನು ಬಾಗಿಲ ಬಳಿ ಅಲಂಕಾರಕ್ಕೆ ನಿಲ್ಲಿಸಲು ಕೇಳುತ್ತಿದ್ದಾರೆ. ನಾಳೆ ಉತ್ತರ ಹೇಳಬೇಕು. ಇವತ್ತು ಒಂದು ಸಲ ಎಡಗಾಲು ನೆಲ ಮುಟ್ಟಿದರೂ ಯಶೋಧಾ ಇಳಿದು ಮನೆಗೆ ನಡೆದುಬಿಡುತ್ತಾರೆ, ಗಾಡಿ ಗೋಕುಲಂಗೆ ಹೋಗುತ್ತದೆ. ಸಿದ್ದೇಶ್ ಒಪ್ಪಿದ್ದಾರೆ. "ನಾನೂ ಎಷ್ಟೋ ಜನಕ್ಕೆ ಓಡಿಸ್ಬೇಡಿ ಅಂದಿವ್ನಿ. ಹಿಂದೆ ಕೂತ್ಕೊಂಡು ಬಂದ ಮೇಲೆ ಅಂದ ಮಾತು. ಅವ್ಳ ಮಾತೂ ಅಂಗೇ."

ಯಶೋಧಾ ಹೆಲ್ಮೆಟ್ ಹಾಕಿಕೊಂಡು, ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹತ್ತುತ್ತಾರೆ. ಸಿದ್ದೇಶ್ ರಸ್ತೆಯ ಆ ತುದಿಯಲ್ಲೂ ಈ ತುದಿಯಲ್ಲೂ ಸೀಮೆಸುಣ್ಣದ ಗೆರೆ ಎಳೆದಿದ್ದಾರೆ. ಗೆರೆಯ ಬಳಿ ನಿಲ್ಲಬೇಕು. ಕೊಕ್ಕೆ ಸಿಕ್ಕಿಸಿದ್ದಾಗಿದೆ, ಎಡಗೈ ಸರಳಿಗೆ ಇಳಿಯುತ್ತದೆ, ಗಾಡಿ ಹೊರಡುತ್ತದೆ. ಯಶೋಧಾ ಗಂಡನ ಭುಜ ಹಿಡಿದಿಲ್ಲ. ಎರಡೂ ಕೈ ತೊಡೆಯ ಮೇಲಿವೆ. ನಾನು ಈ ತುದಿಯ ಗೆರೆಯ ಬಳಿ ನಿಂತು ನೋಡುತ್ತೇನೆ.

ಆ ತುದಿಯಲ್ಲಿ ಗಾಡಿ ನಿಲ್ಲುವುದು ಕಾಣುತ್ತದೆ. ಯಾವ ಕಾಲು ಎಂದು ಇಲ್ಲಿಂದ ತಿಳಿಯುವುದಿಲ್ಲ. ಯಶೋಧಾ ಇಳಿಯಲಿಲ್ಲ ಎಂಬುದಷ್ಟೇ ತಿಳಿಯುತ್ತದೆ. ಗಾಡಿ ತಿರುಗಿಕೊಂಡು ನನ್ನ ಕಡೆ ಬರುತ್ತದೆ. ಶಬ್ದ ತಗ್ಗುತ್ತದೆ. ಗೆರೆ ಹತ್ತಿರವಾಗುತ್ತಿದ್ದಂತೆ ಸಿದ್ದೇಶ್ ಅವರ ಎಡ ಮೊಣಕಾಲು ಪೆಟ್ರೋಲ್ ಟ್ಯಾಂಕಿನಿಂದ ದೂರ ಸರಿಯುತ್ತದೆ. ಬೂಟು ಮೇಲೇಳುತ್ತದೆ. ಒಂದು ಗಳಿಗೆ ಗಾಳಿಯಲ್ಲಿ ನಿಂತು, ಯಾರೋ ಗದರಿದಂತೆ ಮರಳಿ ತನ್ನ ಜಾಗದಲ್ಲಿ ಕೂರುತ್ತದೆ. ಆ ಕಡೆ ಬಲಗಾಲು ಇಳಿದು ಗೆರೆಯ ಪಕ್ಕದಲ್ಲೇ ನೆಲ ಕಚ್ಚುತ್ತದೆ. ಗಾಡಿ ಸ್ವಲ್ಪವೇ ಬಲಕ್ಕೆ ವಾಲಿ ನಿಲ್ಲುತ್ತದೆ.

ಸಿದ್ದೇಶ್ ಅವರ ಕತ್ತಿನ ಹಿಂಭಾಗ ಪೂರ್ತಿ ಬೆವರಿದೆ. ಮುಂದೇನು ಎಂದು ಕೇಳುತ್ತೇನೆ. ದೊಡ್ಡದೇನಿಲ್ಲ ಎನ್ನುತ್ತಾರೆ. ಗಾಡಿಯ ಬದಲಾವಣೆಗೆ ಸಾರಿಗೆ ಕಚೇರಿಯ ಒಪ್ಪಿಗೆ ಪಡೆಯಬೇಕು, ಅಲ್ಲಿಯವರೆಗೆ ಈ ಖಾಲಿ ರಸ್ತೆಯೇ ಸಾಕು. ಆಮೇಲೆ ಒಂದು ಸಲ ಯಶೋಧಾ ಅವರನ್ನು ಕೂರಿಸಿಕೊಂಡು ನಂಜನಗೂಡಿಗೆ, ಅವಸರವಿಲ್ಲದೆ, ದಾರಿಯಲ್ಲಿ ನಿಂತು ಸೌತೆಕಾಯಿ ತಿಂದುಕೊಂಡು ಹೋಗಿಬರಬೇಕು.

"ಇವತ್ತು ಹೇಗೆ ಓಡಿಸಿದಿರಿ?"

ಸಿದ್ದೇಶ್ ತಲೆಯನ್ನು ಹಿಂದಿನ ಸೀಟಿನ ಕಡೆ ವಾಲಿಸುತ್ತಾರೆ. "ಅಲ್ಲಿ ಕೇಳಿ ಮೇಡಂ."

ಯಶೋಧಾ ಇಳಿದಿಲ್ಲ. ಹೆಲ್ಮೆಟ್ಟಿನ ಗಾಜು ಮೇಲೆತ್ತಿ ನನ್ನನ್ನು ನೋಡುತ್ತಾರೆ.

"ಗೋಕುಲಂನೋರು ಬಾಗಿಲಿಗೆ ಒಂದು ಹೂವಿನ ಕುಂಡ ತಂದಿಟ್ಕೊಳ್ಳಿ ಅನ್ನಿ," ಎನ್ನುತ್ತಾರೆ. ಗಾಜು ಕೆಳಗಿಳಿಸಿ, ಗಂಡನ ಬೆನ್ನಿಗೆ ಒಂದು ಬೆರಳಿನಿಂದ ತಿವಿಯುತ್ತಾರೆ. "ನಡೀರಿ, ಇನ್ನೊಂದ್ ಸುತ್ತು. ಈ ಸಲ ಆ ಕಾಲು ಎತ್ಲೂಬೇಡಿ."